ಕಾಟು ಹೊಡೆದ ಬೆಲೆಯ ಮೋಹ

ರಿಯಾಯಿತಿ ಅಂಗಡಿಯಿಂದ ಮರಳಿದವರು ಚೀಲ ಬಿಚ್ಚುವ ಮೊದಲೇ ಹೇಳುವುದು ಒಂದೇ ಮಾತು: ‘70 ಪರ್ಸೆಂಟ್ ಆಫ್ ಇತ್ತು ಕಣ್ರೀ!’ ನೂಲು ಯಾವುದು, ಹೊಲಿಗೆ ಹೇಗಿದೆ, ಒಗೆದರೆ ಏನಾಗುತ್ತದೆ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಬಟ್ಟೆಬರೆ, ಮನೆಸಾಮಾನಿನ ಗುಣಮಟ್ಟ ತಪಾಸಣೆಯನ್ನೇ ವೃತ್ತಿ ಮಾಡಿಕೊಂಡವರಿಗೆ ಇದು ತಲೆ ಚಚ್ಚಿಕೊಳ್ಳುವ ವಿಷಯ. ಕೊಂಡವರು ವಸ್ತುವನ್ನು ನೋಡಿಯೇ ಇಲ್ಲ; ಚೀಟಿಯ ಮೇಲೆ ಕಾಟು ಹೊಡೆದ ಒಂದು ಅಂಕಿಯನ್ನು ಕೊಂಡು ತಂದಿದ್ದಾರೆ.

ಆ ಅಂಕಿ ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ಹೇಳಲೇಬೇಕು. ಎಷ್ಟು ಸಲ ಹೇಳಿದರೂ ಜನ ಮರೆಯುವುದು ಇದನ್ನೇ. ಅದೇ ಬಟ್ಟೆ, ಅದೇ ಹೊಲಿಗೆಯ ಅದೇ ವಸ್ತು ಮಾಮೂಲಿ ಅಂಗಡಿಯಲ್ಲಿ ನಿಜವಾಗಿಯೂ ಆ ಬೆಲೆಗೆ ಮಾರಾಟವಾಗಿರಬಹುದು. ಅಥವಾ ‘ಇಂಥದ್ದೇ ಇನ್ನೊಂದು’ ಬೇರೆ ಕಡೆ ಆ ಬೆಲೆಗೆ ಸಿಗುತ್ತದೆ ಎಂದು ಖರೀದಿ ವಿಭಾಗದವರು ಅಂದಾಜು ಹಾಕಿರಬಹುದು. ಇಲ್ಲವೇ ಆ ವಸ್ತುವನ್ನು ಮೊದಲಿನಿಂದಲೂ ರಿಯಾಯಿತಿ ಅಂಗಡಿಗೆಂದೇ ತಯಾರಿಸಿರಬಹುದು. ಕಾಟು ಹೊಡೆದ ಬೆಲೆಗೆ ಅದು ಎಲ್ಲೂ, ಯಾವತ್ತೂ ಮಾರಾಟವಾಗಿರುವುದಿಲ್ಲ. ಚೀಟಿಯ ಮೇಲೆ ಮೂರೂ ಒಂದೇ ಥರ ಕಾಣುತ್ತವೆ. ಅಂಕಿ, ಅದರ ಮೇಲೊಂದು ಗೀಟು, ಕೆಳಗೆ ಕೆಂಪಕ್ಷರದ ಇನ್ನೊಂದು ಅಂಕಿ.

ಮೂರನೆಯ ಬಗೆಯನ್ನು ಮೋಸ ಎಂದು ನಾನು ಕರೆಯುವುದಿಲ್ಲ. ಬ್ರಾಂಡಿನ ಹೆಸರು ಅದೇ ಇರುತ್ತದೆ, ಆದರೆ ಉದಾಹರಣೆಗೆ ಚದರ ಮೀಟರಿಗೆ 180 ಗ್ರಾಂ ತೂಗಬೇಕಾದ ಟೀ-ಶರ್ಟ್ ಬಟ್ಟೆ 150ಕ್ಕೆ ಇಳಿದಿರುತ್ತದೆ. ಒಳಗೆ ಪೂರ್ತಿ ಇರಬೇಕಾದ ಲೈನಿಂಗ್ ಅರ್ಧಕ್ಕೆ ನಿಂತಿರುತ್ತದೆ, ಹೆಚ್ಚುವರಿ ಗುಂಡಿ ಇರುವುದಿಲ್ಲ. ಕೊಡುವ ಹಣಕ್ಕೆ ಅದು ಸರಿಯಾದ ವಸ್ತುವೇ ಇರಬಹುದು. ಸುಳ್ಳಾಗಿರುವುದು ‘ಮೊದಲಿನ ಬೆಲೆ’ ಮಾತ್ರ. ಐರೋಪ್ಯ ಒಕ್ಕೂಟದಲ್ಲಿ 2022ರ ಮೇ ತಿಂಗಳಿಂದ ಒಂದು ನಿಯಮವಿದೆ: ಬೆಲೆ ಇಳಿಸಿದ್ದೇವೆ ಎಂದು ಸಾರುವ ಅಂಗಡಿ, ಇಳಿಸುವ ಮುಂಚಿನ ಕನಿಷ್ಠ 30 ದಿನಗಳಲ್ಲಿ ತಾನು ಹಾಕಿದ್ದ ಅತಿ ಕಡಿಮೆ ಬೆಲೆಯನ್ನೇ ಹಿಂದಿನ ಬೆಲೆ ಎಂದು ತೋರಿಸಬೇಕು. ಸೋಮವಾರ ಏರಿಸಿ ಶುಕ್ರವಾರ ಇಳಿಸುವ ಆಟ ಎಷ್ಟು ಹಳೆಯದು ಎಂಬುದು ಇದರಿಂದಲೇ ತಿಳಿಯುತ್ತದೆ.

ಹಳೆಯ ಕಾಲದ ಒಂದು ಪದ್ಧತಿ ಇದಕ್ಕಿಂತ ಪ್ರಾಮಾಣಿಕವಾಗಿತ್ತು. ಬಾಸ್ಟನ್ನಿನ ಫೈಲೀನ್ಸ್ ಅಂಗಡಿಯ ನೆಲಮಾಳಿಗೆಯಲ್ಲಿ 20ನೇ ಶತಮಾನದ ಆರಂಭದಲ್ಲಿ ಶುರುವಾದ ವ್ಯವಸ್ಥೆಯದು. ಪ್ರತಿ ವಸ್ತುವಿನ ಚೀಟಿಯ ಮೇಲೆ ಅದು ಮಾರಾಟಕ್ಕೆ ಬಂದ ತಾರೀಕು ಇರುತ್ತಿತ್ತು. 12 ವ್ಯಾಪಾರದ ದಿನ ಕಳೆದರೆ 25 ಪರ್ಸೆಂಟ್ ಇಳಿಕೆ, 18 ದಿನಕ್ಕೆ 50, 24 ದಿನಕ್ಕೆ 75. 30 ದಿನವಾದರೂ ಹೋಗದಿದ್ದರೆ ದಾನಕ್ಕೆ. ಅಲ್ಲಿನ ರಿಯಾಯಿತಿ ಗಿರಾಕಿಗೆ ಒಂದು ನಿಜವನ್ನು ಹೇಳುತ್ತಿತ್ತು: ಇದನ್ನು ಇಷ್ಟು ದಿನ ಯಾರೂ ಒಯ್ದಿಲ್ಲ. ಇಂದಿನ ಪರ್ಸೆಂಟು ಅಷ್ಟನ್ನೂ ಹೇಳುವುದಿಲ್ಲ.

ಲೆಕ್ಕದ ಬಗ್ಗೆ ಒಂದೇ ಮಾತು. ‘50 ಪರ್ಸೆಂಟ್, ಅದರ ಮೇಲೆ ಇನ್ನೂ 20’ ಎಂದರೆ 70 ಅಲ್ಲ, 60. ಎರಡು ಕೊಂಡರೆ ಒಂದು ಉಚಿತ ಎಂದರೆ 33 ಪರ್ಸೆಂಟ್, ಅದೂ ಮೂರು ಬೇಕಿದ್ದವರಿಗೆ.

ಹಾಗಾದರೆ ಮಾಡುವುದೇನು? ಚೀಟಿಯನ್ನು ಕೊನೆಗೆ ನೋಡಿ. ವಸ್ತುವನ್ನು ಕೈಯಲ್ಲಿ ಹಿಡಿದು, ಒಳಗೆ ಹೊರಗೆ ಪೂರ್ತಿ ನೋಡಿ, ‘ಇದಕ್ಕೆ ಇಷ್ಟರ ತನಕ ಕೊಡಬಹುದು’ ಎಂದು ಮನಸ್ಸಿನಲ್ಲೇ ಒಂದು ಮೊತ್ತ ನಿಗದಿ ಮಾಡಿಕೊಂಡು, ಆಮೇಲೆ ಚೀಟಿ ತಿರುಗಿಸಿ. ನೀವು ಕಟ್ಟಿದ ಬೆಲೆಗಿಂತ ಕೆಳಗಿದ್ದರೆ ಅಗ್ಗ, ಮೇಲಿದ್ದರೆ ದುಬಾರಿ. ಕಾಟು ಹೊಡೆದ ಅಂಕಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ಪರ್ಸೆಂಟಿಗಿಂತ ಉಪಯುಕ್ತವಾದ ಪ್ರಶ್ನೆ ಒಂದಿದೆ: ಈ ವಸ್ತು ಇಲ್ಲಿಗೆ ಯಾಕೆ ಬಂತು? ಕಾರ್ಖಾನೆಗಳು ಆರ್ಡರಿಗಿಂತ ನೂರಕ್ಕೆ ಮೂರೋ ಐದೋ ಹೆಚ್ಚು ಕತ್ತರಿಸುವುದು ರೂಢಿ, ಒಂದಷ್ಟು ಕೆಡುತ್ತವೆ ಎಂಬ ಅಂದಾಜಿನಲ್ಲಿ. ಕೆಡದೆ ಉಳಿದದ್ದು ಸರ್‌ಪ್ಲಸ್. ಅದು ಮೊದಲ ದರ್ಜೆಯ ಮಾಲೇ. ಸೀಸನ್ ಮುಗಿದದ್ದು, ನಡುವಿನ ಸೈಜುಗಳು ಖಾಲಿಯಾಗಿ ತೀರಾ ಸಣ್ಣದು ತೀರಾ ದೊಡ್ಡದು ಮಾತ್ರ ಉಳಿದದ್ದು, ಆರ್ಡರ್ ರದ್ದಾದದ್ದು, ಇವೆಲ್ಲ ಒಳ್ಳೆಯ ಕಾರಣಗಳು. ಗಿರಾಕಿ ವಾಪಸ್ ಕೊಟ್ಟದ್ದು, ದೋಷವಿದೆ ಎಂದು ತೆಗೆದಿಟ್ಟ ಸೆಕೆಂಡ್ಸ್, ಇವು ಎಚ್ಚರ ಬೇಕಾದ ಕಾರಣಗಳು. ಬ್ರಾಂಡ್ ಲೇಬಲ್ಲಿಗೆ ಕತ್ತರಿ ಹಾಕಿದ್ದರೆ ಅಥವಾ ಅದರ ಮೇಲೆ ಮಾರ್ಕರ್ ಗೆರೆ ಎಳೆದಿದ್ದರೆ ಅದು ಸೆಕೆಂಡ್ಸ್ ಇರಬಹುದು, ಬರೀ ಸರ್‌ಪ್ಲಸ್ ಕೂಡ ಇರಬಹುದು. ದೋಷವಿದೆ ಎಂದುಕೊಂಡೇ ಹುಡುಕಿ. ಸಿಗದಿದ್ದರೆ ಲಾಭ ನಿಮ್ಮದು.

ತಿರಸ್ಕೃತವಾದ ಲಾಟುಗಳ ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. 3000 ಅಂಗಿಗಳ ಆರ್ಡರನ್ನು ತಪಾಸಣೆಗಾರರು ಒಂದೊಂದಾಗಿ ನೋಡುವುದಿಲ್ಲ. ಮಾದರಿ ಎತ್ತಿ ತಪಾಸಣೆ ಮಾಡುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 2859-1ರ ಮಾಮೂಲಿ ಕೋಷ್ಟಕದಂತೆ 125 ಅಂಗಿಗಳನ್ನು ಅಲ್ಲಲ್ಲಿಂದ ಎತ್ತಿಕೊಳ್ಳುತ್ತಾರೆ. ದೊಡ್ಡ ದೋಷಗಳಿಗೆ ಉಡುಪಿನ ವ್ಯಾಪಾರದಲ್ಲಿ ಸಾಮಾನ್ಯವಾದ 2.5ರ ಸ್ವೀಕಾರಾರ್ಹ ದೋಷಮಿತಿ (ಎಕ್ಯೂಎಲ್) ಹಿಡಿದರೆ, ಏಳರ ತನಕ ದೋಷ ಸಿಕ್ಕಿದರೆ ಇಡೀ ಲಾಟು ಪಾಸು, ಎಂಟು ಸಿಕ್ಕಿದರೆ ಇಡೀ ಲಾಟು ಫೇಲು. 125ರಲ್ಲಿ ಎಂಟು ಎಂದರೆ ನೂರಕ್ಕೆ ಆರೂವರೆಯೂ ಆಗಲಿಲ್ಲ. ಅಂದರೆ ಫೇಲಾದ ಲಾಟಿನಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅಂಗಿಗಳು ಸರಿಯಾಗಿಯೇ ಇರಬಹುದು. ಬಹಳಷ್ಟು ಸಲ ಕಾರ್ಖಾನೆಯವರೇ ಆರಿಸಿ, ದುರಸ್ತಿ ಮಾಡಿ ಮತ್ತೆ ತಪಾಸಣೆಗೆ ಕೊಡುತ್ತಾರೆ. ಹಾಗೆ ಮಾಡಲು ಸಮಯವಿಲ್ಲದಾಗ ಆ ಮಾಲು ಅಗ್ಗದ ಮಾರುಕಟ್ಟೆಗೆ ಇಳಿಯುತ್ತದೆ. ಹೀಗಾಗಿ ರ‍್ಯಾಕಿನಲ್ಲಿ ಕೈಗೆ ಸಿಕ್ಕ ಮೊದಲನೆಯದನ್ನೇ ಎಳೆದುಕೊಂಡು ಓಡಬೇಡಿ. ಅದೇ ಸೈಜಿನ ಮೂರು ನಾಲ್ಕನ್ನು ಪಕ್ಕಪಕ್ಕ ಇಟ್ಟು ಆರಿಸಿ. ಅಂಗಡಿಯವರು ಗೊಣಗಿದರೆ ಗೊಣಗಲಿ.

ಆರಿಸುವ ಕ್ರಮ ಹೀಗೆ. ಮೊದಲು ಉಡುಪನ್ನು ಒಳಮೈ ಹೊರಕ್ಕೆ ತಿರುಗಿಸಿ. ಹೊಲಿಗೆಯ ಎರಡೂ ಬದಿಯನ್ನು ಹಿಡಿದು ಮೆಲ್ಲಗೆ ಅಗಲಿಸಿ. ನಡುವೆ ಏಣಿಮೆಟ್ಟಿಲಿನಂತೆ ದಾರ ಕಂಡರೆ ಬಿಗಿ ಸಾಲದು. ಒಂದು ಇಂಚಿನಲ್ಲಿ ಅಂಗಿಗಾದರೆ 10ರಿಂದ 14 ಹೊಲಿಗೆ, ದಪ್ಪ ಜೀನ್ಸಿಗಾದರೆ 7ರಿಂದ 9 ಇರುವುದು ವಾಡಿಕೆ. ಹೊಲಿಗೆಯಾಚೆಗೆ ಉಳಿದ ಬಟ್ಟೆ ಅರ್ಧ ಸೆಂಟಿಮೀಟರಿಗಿಂತ ಕಡಿಮೆಯಿದ್ದು, ನೇಯ್ದ ಬಟ್ಟೆ ಸಡಿಲವಾಗಿದ್ದರೆ, ಮೊಣಕೈ ಮಡಿಸಿದಾಗಲೋ ಕೂತಾಗಲೋ ಅಲ್ಲೇ ಪಿಸಿಯುತ್ತದೆ. ದಾರ ಬಿಟ್ಟ ಹೊಲಿಗೆಗೆ ಹೆದರಬೇಕಿಲ್ಲ, ಮತ್ತೆ ಹೊಲಿದರಾಯಿತು. ಹೊಲಿಗೆಯ ಪಕ್ಕದ ಬಟ್ಟೆಯೇ ಹರಿದಿದ್ದರೆ ಕೆಳಗಿಡಿ.

ಟೀ-ಶರ್ಟನ್ನು ಎರಡೂ ಭುಜದ ತುದಿಯಲ್ಲಿ ಹಿಡಿದು ಜೋತುಬಿಡಿ. ಪಕ್ಕದ ಹೊಲಿಗೆ ನೇರವಾಗಿ ಕೆಳಗಿಳಿಯಬೇಕು. ಹೊಟ್ಟೆಯ ಕಡೆಗೆ ತಿರುಚಿಕೊಂಡಿದ್ದರೆ ನೂಲಿನ ಹುರಿ ಹೆಚ್ಚಾಗಿದೆ ಅಥವಾ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ್ದಾರೆ ಎಂದರ್ಥ. ಒಗೆದಷ್ಟೂ ತಿರುಚು ಹೆಚ್ಚುತ್ತದೆ, ಇಸ್ತ್ರಿಯಿಂದ ಹೋಗುವುದಿಲ್ಲ. ಜೀನ್ಸಿನ ಕಾಲಿಗೂ ಇದೇ ಪರೀಕ್ಷೆ. ಅಂಗಿಯ ಕಾಲರನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ. ಗಟ್ಟಿಯಾಗಿ ನಿಲ್ಲಲೆಂದು ಒಳಗೆ ಅಂಟಿಸಿದ ಪದರ (ಫ್ಯೂಸಿಂಗ್) ಮೇಲಿನ ಬಟ್ಟೆಯಿಂದ ಬಿಟ್ಟಿದ್ದರೆ ಪದರಗಳು ಬೇರೆಬೇರೆಯಾಗಿ ಜಾರುತ್ತವೆ. ಅಂಥ ಕಾಲರ್ ಒಗೆದಾಗ ಗುಳ್ಳೆ ಏಳುತ್ತದೆ, ಅದಕ್ಕೆ ಮದ್ದಿಲ್ಲ.

ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಒಳಗಿನ ಹೊಲಿಗೆಯಂಚನ್ನು ಹತ್ತು ಸಲ ಉಜ್ಜಿ, ಅಂಗಡಿಯವರನ್ನು ಕೇಳಿಯೇ. ಪ್ರಯೋಗಾಲಯದಲ್ಲೂ ಹೆಚ್ಚುಕಡಿಮೆ ಹೀಗೇ ಹತ್ತು ಸಲ ಉಜ್ಜಿ, ಅಂಟಿದ ಬಣ್ಣಕ್ಕೆ 1ರಿಂದ 5ರ ತನಕ ಅಂಕ ಕೊಡುತ್ತಾರೆ. ಕಡು ನೀಲಿ ಜೀನ್ಸ್ ಸ್ವಲ್ಪ ಅಂಟಿದರೆ ಅದು ಅದರ ಜಾಯಮಾನ. ಕೆಂಪು ಬೆಡ್‌ಶೀಟ್ ಅಂಟಿದರೆ ಮಾತ್ರ ದಿಂಬು, ಹಾಸಿಗೆ ಎಲ್ಲವೂ ಕೆಂಪಾಗುತ್ತವೆ.

ಸೈಜಿನ ಚೀಟಿಯನ್ನೂ ನಂಬಬೇಡಿ. ಬಟ್ಟೆಯನ್ನು ಹತ್ತಾರು ಪದರ ಪೇರಿಸಿ ಒಟ್ಟಿಗೆ ಕತ್ತರಿಸುವುದರಿಂದ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಅಳತೆ ಜಾರುತ್ತದೆ. ಒಂದೇ ಸೈಜಿನ ಎರಡು ಅಂಗಿಗಳ ಎದೆಯಳತೆಯಲ್ಲಿ ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಮಾಮೂಲು. ನಿಮಗೆ ಚೆನ್ನಾಗಿ ಒಪ್ಪುವ ಉಡುಪನ್ನು ಮನೆಯಲ್ಲಿ ನೆಲದ ಮೇಲೆ ಹರಡಿ, ಕಂಕುಳಿನಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ, ಉದ್ದ, ಇಷ್ಟನ್ನು ಅಳೆದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಚೀಲದಲ್ಲೊಂದು ಟೇಪು ಇರಲಿ. ‘ಟೈಲರ್ ಹತ್ತಿರ ಸರಿ ಮಾಡಿಸಿದರಾಯಿತು’ ಎನ್ನುವವರಿಗೆ ಒಂದು ಮಾತು: ಉದ್ದ ಕಡಿಮೆ ಮಾಡುವುದು, ಸೊಂಟ ಬಿಗಿಸುವುದು, ಪಕ್ಕ ಹಿಡಿಯುವುದು ಸುಲಭ. ಭುಜ ಸಣ್ಣದು ಮಾಡುವುದೆಂದರೆ ತೋಳು ಬಿಚ್ಚಿ ಮತ್ತೆ ಕಟ್ಟಬೇಕು. ಕೂಲಿ ಉಡುಪಿನ ಬೆಲೆಯನ್ನೇ ಮೀರಬಹುದು. ಬಿಗಿಯಾದದ್ದನ್ನು ಸಡಿಲಿಸಬೇಕಾದರೆ ಒಳಗೆ ಬಟ್ಟೆ ಬಿಟ್ಟಿರಬೇಕು, ಬಿಟ್ಟಿದ್ದರೂ ಹಳೆಯ ಸೂಜಿತೂತುಗಳ ಸಾಲು ಕಾಣುತ್ತದೆ.

ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಮಾಲಿನ ಕಾಯಿಲೆಗಳು ಬೇರೆಯೇ. ಪಾಲಿಯುರೆಥೇನ್ ಅಟ್ಟೆಯ ಶೂ ಯಾರೂ ಹಾಕದಿದ್ದರೂ ಗಾಳಿಯ ತೇವಕ್ಕೆ ಒಳಗಿಂದೊಳಗೇ ಸಡಿಲವಾಗಿ, ಕೊಂಡ ವಾರದಲ್ಲೇ ಪುಡಿಪುಡಿಯಾಗಿ ಉದುರುವುದುಂಟು. ಡಬ್ಬದಲ್ಲಿದ್ದ ಹೊಸ ಶೂ ಹೀಗಾದರೆ ಜನ ಬ್ರಾಂಡನ್ನು ಬಯ್ಯುತ್ತಾರೆ, ಆಗಿರುವುದು ವಯಸ್ಸು. ನಾಲಗೆಯ ಒಳಗಿನ ಲೇಬಲ್ಲಿನಲ್ಲಿ ತಯಾರಾದ ತಾರೀಕು ಇದ್ದರೆ ಓದಿ, ಅಟ್ಟೆಯನ್ನು ಉಗುರಿನಿಂದ ಒತ್ತಿ, ಬಗ್ಗಿಸಿ ನೋಡಿ. ಅಂಟಂಟಾಗಿದ್ದರೆ ಅಥವಾ ಬಿರುಕಿನ ಗೆರೆ ಕಂಡರೆ ಪುಕ್ಕಟೆ ಕೊಟ್ಟರೂ ಬೇಡ. ಕೃತಕ ಚರ್ಮದ ಬ್ಯಾಗು, ಸೋಫಾ ಹೊದಿಕೆಗಳ ಮೇಲ್ಪದರವೂ ಇದೇ ಕಾರಣಕ್ಕೆ ಸುಲಿಯುತ್ತದೆ. ಎಲಾಸ್ಟಿಕ್ಕನ್ನು ಎಳೆದು ಬಿಟ್ಟಾಗ ಸದ್ದಿಲ್ಲದೆ ಹಿಂದಕ್ಕೆ ಬರಬೇಕು; ಕರಕರ ಎಂದರೆ ಒಳಗಿನ ರಬ್ಬರು ಒಣಗಿದೆ. ಬಿಳಿ ಬಟ್ಟೆಯ ಮಡಿಕೆಯಲ್ಲಿ ಹಳದಿ ಛಾಯೆ ಇದ್ದರೆ ಕೊಳೆ ಎಂದು ಗಾಬರಿ ಬೀಳಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆರೆಸಿದ ಒಂದು ರಾಸಾಯನಿಕ ಗಾಳಿಯಲ್ಲಿರುವ ಹೊಗೆಯ ಅನಿಲಗಳೊಂದಿಗೆ ಸೇರಿ ಹೀಗೆ ಮಾಡುತ್ತದೆ. ಹಲವು ಸಲ ಬಿಸಿಲಿಗೇ ಹೋಗುತ್ತದೆ. ಹೋಗಿಯೇ ಹೋಗುತ್ತದೆ ಎಂದು ಮಾತ್ರ ಬರೆದುಕೊಡಲಾರೆ. ಬಣ್ಣದ ಬಟ್ಟೆಯ ಭುಜವೋ ಮಡಿಕೆಯ ಹೊರಗಿನ ಗೆರೆಯೋ ಅಂಗಡಿಯ ದೀಪಕ್ಕೆ ಮಾಸಿದ್ದರೆ ಅದಂತೂ ಹೋಗುವುದಿಲ್ಲ.

ಮನೆಸಾಮಾನಿನ ಕಡೆ ಬಂದರೆ, ಬೆಡ್‌ಶೀಟಿನ ಥ್ರೆಡ್ ಕೌಂಟು ಕಾಟು ಹೊಡೆದ ಬೆಲೆಯ ತಮ್ಮ. ಒಂದು ಚದರ ಇಂಚಿನಲ್ಲಿರುವ ಹಾಸಿನ (ಉದ್ದದ) ಎಳೆ, ಹೊಕ್ಕಿನ (ಅಡ್ಡದ) ಎಳೆ ಎರಡನ್ನೂ ಕೂಡಿದರೆ ಬರುವ ಸಂಖ್ಯೆ ಅದು. ಒಂದೇ ಎಳೆಯ ಒಳ್ಳೆಯ ಹತ್ತಿ ನೂಲಿನಲ್ಲಿ 200ರಿಂದ 400ರೊಳಗೆ ಉತ್ತಮ ಬೆಡ್‌ಶೀಟ್ ಸಿಗುತ್ತದೆ. ಪೊಟ್ಟಣದ ಮೇಲೆ 1200 ಎಂದಿದ್ದರೆ ಸಾಮಾನ್ಯವಾಗಿ ಮೂರು ನಾಲ್ಕು ಎಳೆ ಹುರಿ ಮಾಡಿದ ನೂಲಿನ ಪ್ರತಿ ಎಳೆಯನ್ನೂ ಬಿಡಿಬಿಡಿಯಾಗಿ ಎಣಿಸಿರುತ್ತಾರೆ. ಸಂಖ್ಯೆ ಬಿಟ್ಟು, ‘100% ಹತ್ತಿ’ ಎಂದಿದೆಯೇ, ಬೆಳಕಿಗೆ ಹಿಡಿದಾಗ ನೇಯ್ಗೆ ಸಮನಾಗಿದೆಯೇ ನೋಡಿ. ಎಲಾಸ್ಟಿಕ್ ಇರುವ ಬೆಡ್‌ಶೀಟ್ ಆದರೆ ಅದರ ಆಳ ನಿಮ್ಮ ಹಾಸಿಗೆಯ ದಪ್ಪಕ್ಕಿಂತ ಐದಾರು ಸೆಂಟಿಮೀಟರ್ ಹೆಚ್ಚಿರಬೇಕು, ಹತ್ತಿ ಕುಗ್ಗುತ್ತದೆ.

ಟವೆಲ್ಲಿನ ಮೃದುತ್ವಕ್ಕೆ ಮರುಳಾಗಬೇಡಿ. ಅದು ಬಹುಪಾಲು ಕಾರ್ಖಾನೆಯಲ್ಲಿ ಹಾಕಿದ ಸಾಫ್ಟ್‌ನರ್. ಕೆಲವು ಒಗೆತಕ್ಕೆ ಹೋಗುತ್ತದೆ, ಇರುವಷ್ಟು ದಿನ ಟವೆಲ್ಲು ನೀರನ್ನೂ ಸರಿಯಾಗಿ ಹೀರುವುದಿಲ್ಲ. ಟವೆಲ್ಲನ್ನು ಬೆರಳ ಮೇಲೆ ಬಗ್ಗಿಸಿ. ಕುಣಿಕೆಗಳ ನಡುವೆ ತಳದ ನೇಯ್ಗೆ ಬಯಲಾಗಿ ಕಂಡರೆ ಅದು ತೆಳು. ಚದರ ಮೀಟರಿಗೆ 400ರಿಂದ 600 ಗ್ರಾಂ ತೂಕದ್ದು ದಿನಬಳಕೆಗೆ ಸಾಕು, ಅದಕ್ಕೂ ದಪ್ಪನೆಯದು ಬೇಗ ಒಣಗುವುದಿಲ್ಲ.

ಬಾಣಲೆ, ತವಾಗಳ ತಳಕ್ಕೆ ಸ್ಕೇಲನ್ನೋ ಕಾರ್ಡಿನ ಅಂಚನ್ನೋ ಆನಿಸಿ. ತಣ್ಣಗಿರುವಾಗ ನಡುಭಾಗ ಕೂದಲೆಳೆಯಷ್ಟು ಒಳಕ್ಕಿದ್ದರೆ ಪರವಾಗಿಲ್ಲ, ಕಾದಾಗ ಸಮವಾಗುತ್ತದೆ. ಹೊರಕ್ಕೆ ಉಬ್ಬಿದ್ದರೆ ಒಲೆಯ ಮೇಲೆ ಬುಗುರಿಯಾಗುತ್ತದೆ. ಇಂಡಕ್ಷನ್ ಒಲೆಯವರು ಪುಟ್ಟ ಅಯಸ್ಕಾಂತ ಒಯ್ಯಿರಿ. ತಳಕ್ಕೆ ಗಟ್ಟಿಯಾಗಿ ಅಂಟದಿದ್ದರೆ ಆ ಪಾತ್ರೆ ನಿಮಗಲ್ಲ. ಪಿಂಗಾಣಿಯನ್ನು ಉಗುರಿನಿಂದ ತಟ್ಟಿದರೆ ಠಣ್ ಎನ್ನಬೇಕು. ಸದ್ದು ಮಂಕಾಗಿದ್ದರೆ ಕಣ್ಣಿಗೆ ಕಾಣದ ಬಿರುಕಿದೆ. ಮುಚ್ಚಳವನ್ನು ಅಲ್ಲೇ ಹಾಕಿ ನೋಡಿ, ರಿಯಾಯಿತಿ ಕಪಾಟಿನಲ್ಲಿ ಜೋಡಿ ಅದಲುಬದಲಾಗುವುದು ಸರ್ವೇಸಾಮಾನ್ಯ.

ಸೆಟ್ಟಾಗಿ ಕೊಂಡದ್ದನ್ನು ಚೀಟಿ ಕೀಳುವ ಮುನ್ನ, ಒಗೆಯುವ ಮುನ್ನ ಹಗಲ ಬೆಳಕಿನಲ್ಲಿ ಹರಡಿ ನೋಡಿ. ಅಂಗಡಿಯ ದೀಪದಡಿ ಒಂದೇ ಬಣ್ಣ ಎನಿಸಿದ ಎರಡು ಪರದೆಗಳು ಕಿಟಕಿಯ ಬಳಿ ಬೇರೆಬೇರೆಯಾಗಿ ಕಾಣಬಹುದು. ಬೇರೆಬೇರೆ ದಿನ ಬಣ್ಣ ಹಾಕಿದ ಲಾಟುಗಳು ಕರಾರುವಾಕ್ಕಾಗಿ ಹೊಂದುವುದು ಕಷ್ಟ. ಪರದೆ ನಾಲ್ಕು ಬೇಕಿದ್ದು ಅಂಗಡಿಯಲ್ಲಿ ಮೂರೇ ಇದ್ದರೆ, ನಾಲ್ಕನೆಯದು ಮುಂದಿನ ವಾರ ಬರುತ್ತದೆ ಎಂಬ ಮಾತಿನ ಮೇಲೆ ಆ ಮೂರನ್ನು ಕೊಳ್ಳಬೇಡಿ.