ಸುಡಬೇಕಾದ್ದನ್ನಷ್ಟೇ ಸುಡುವ ಬೆಳಕು

ಗ್ರಹಣದ ಹೊತ್ತಿನಲ್ಲಿ ಬಸುರಿ ಹೆಂಗಸು ಮೈ ಕೆರೆದುಕೊಂಡರೆ ಹುಟ್ಟುವ ಮಗುವಿಗೆ ಅದೇ ಜಾಗದಲ್ಲಿ ಮಚ್ಚೆ ಮೂಡುತ್ತದೆ ಎಂದು ನಂಬುವವರು ನಮ್ಮಲ್ಲಿ ಇನ್ನೂ ಇದ್ದಾರೆ. ತರಕಾರಿ ಹೆಚ್ಚಬಾರದು, ಸೂಜಿ ಮುಟ್ಟಬಾರದು, ಹೊಸಿಲು ದಾಟಬಾರದು. ಮಗು ಕೆನ್ನೆ ತುಂಬ ಕೆಂಪು ಮಚ್ಚೆ ಹೊತ್ತು ಹುಟ್ಟಿತೋ, ನೋಡಲು ಬಂದವರೆಲ್ಲ ಬಾಣಂತಿಗೆ ಕೇಳುವುದು ಒಂದೇ: "ಗ್ರಹಣದ ದಿನ ಏನ್ ಮಾಡ್ಕೊಂಡೆ?" ಹೆತ್ತು ಸುಸ್ತಾದವಳ ತಲೆಗೆ ಇಲ್ಲದ ಪಾಪವನ್ನು ಕಟ್ಟುವ ಈ ಚಾಳಿಗೆ ನನ್ನಲ್ಲಿ ತಾಳ್ಮೆ ಉಳಿದಿಲ್ಲ. ಏಕೆಂದರೆ ಉತ್ತರ 2013ರಲ್ಲೇ ಸಿಕ್ಕಿದೆ. ಪೋರ್ಟ್ ವೈನ್ ಮಚ್ಚೆ ಎಂದು ವೈದ್ಯರು ಕರೆಯುವ ಈ ಕೆಂಪು ಮಚ್ಚೆಯ ಚರ್ಮವನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿದಾಗ 13 ಮಾದರಿಗಳ ಪೈಕಿ 12ರಲ್ಲಿ ಜಿಎನ್‌ಎಕ್ಯೂ ಎಂಬ ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾಗಿತ್ತು. ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ. ಗರ್ಭ ಕಟ್ಟಿದ ಮೇಲೆ ಭ್ರೂಣದ ಯಾವುದೋ ಒಂದು ಕೋಶ ಎರಡಾಗುವಾಗ ಆದ ನಕಲು ದೋಷ. ಆ ಕೋಶದ ಸಂತತಿ ಎಲ್ಲೆಲ್ಲಿ ಹೋಗಿ ಕೂತಿತೋ ಅಲ್ಲಿನ ರಕ್ತನಾಳಗಳು ಹಿಗ್ಗಿದವು. ಸಾವಿರ ಶಿಶುಗಳಲ್ಲಿ ಸುಮಾರು ಮೂರಕ್ಕೆ ಹೀಗಾಗುತ್ತದೆ, ಗ್ರಹಣವಿದ್ದ ವರ್ಷವೂ ಇಲ್ಲದ ವರ್ಷವೂ.

ಸೋವಿಯತ್ ನಾಯಕ ಮಿಖಾಯಿಲ್ ಗೋರ್ಬಚೇವ್ ಅವರ ಬೋಳುತಲೆಯ ಮೇಲಿದ್ದದ್ದು ಇದೇ ಜಾತಿಯ ಮಚ್ಚೆ. ಆದರೆ ಮಕ್ಕಳ ಮೈಮೇಲಿನ ಕೆಂಪೆಲ್ಲ ಇದೇ ಅಲ್ಲ. ಹಸುಗೂಸಿನ ಹುಬ್ಬುಗಳ ನಡುವೆ, ಹೆಗ್ಗತ್ತಿನ ಮೇಲೆ ಕಾಣುವ ತಿಳಿಗೆಂಪು ಗುರುತು ತೀರಾ ಸಾಮಾನ್ಯ. ಹುಬ್ಬಿನ ನಡುವಿನದು ಬಹುಪಾಲು ತಾನಾಗಿ ಮಾಸುತ್ತದೆ, ಕತ್ತಿನದು ಕೂದಲ ಮರೆಯಲ್ಲಿ ಉಳಿದರೂ ತೊಂದರೆಯಿಲ್ಲ. ಇನ್ನೊಂದು ಹಿಮ್ಯಾಂಜಿಯೋಮ. ಹುಟ್ಟಿದಾಗ ಅಷ್ಟಾಗಿ ಕಾಣದೆ ಕೆಲವು ವಾರಗಳಲ್ಲಿ ಉಬ್ಬಿ, ತಿಂಗಳುಗಟ್ಟಲೆ ಬೆಳೆದು, ಆಮೇಲೆ ವರ್ಷಗಳಲ್ಲಿ ಕರಗುವ ಗಂಟು ಅದು. ಅದಕ್ಕೆ ಈಗ ಮೊದಲು ಕೊಡುವುದು ಲೇಸರ್ ಅಲ್ಲ, ಪ್ರೊಪ್ರನಲಾಲ್ ಎಂಬ ಹಳೆಯ ಹೃದ್ರೋಗದ ಔಷಧ. 2008ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ವೈದ್ಯರು ಹೃದಯದ ತೊಂದರೆಗೆಂದು ಮಗುವಿಗೆ ಅದನ್ನು ಕೊಟ್ಟರೆ, ಮುಖದ ಗಂಟು ಕುಗ್ಗತೊಡಗಿತು! ಪೋರ್ಟ್ ವೈನ್ ಮಚ್ಚೆ ಮಾತ್ರ ಈ ಎರಡರ ಹಾಗಲ್ಲ. ತಾನಾಗಿ ಹೋಗುವುದಿಲ್ಲ, ಮಗುವಿನ ಜೊತೆಗೇ ಬೆಳೆಯುತ್ತದೆ, ನಡುವಯಸ್ಸಿಗೆ ನೇರಳೆಗೆ ತಿರುಗಿ ದಪ್ಪವಾಗಲೂಬಹುದು. ನಾನು ಹೇಳಹೊರಟಿರುವುದು ಇದರ ಕಥೆಯನ್ನೇ.

ಈ ಮಚ್ಚೆಯ ಕೆಂಪು ಚರ್ಮಕ್ಕೆ ಬಳಿದ ಬಣ್ಣವಲ್ಲ, ಚರ್ಮದ ಕೆಳಗೆ ಹರಿಯುವ ರಕ್ತ. ಲೋಮನಾಳ ಎಂಬ ಅತಿ ಸಣ್ಣ ರಕ್ತನಾಳದ ಸಾಮಾನ್ಯ ಅಡ್ಡಳತೆ ಸುಮಾರು 10 ಮೈಕ್ರೊಮೀಟರ್, ಅಂದರೆ ಮಿಲಿಮೀಟರಿನ ನೂರರ ಒಂದು ಭಾಗ. ಇಲ್ಲಿನ ನಾಳಗಳು 50, 100, ಕೆಲವೊಮ್ಮೆ 150 ಮೈಕ್ರೊಮೀಟರ್ ಹಿಗ್ಗಿರುತ್ತವೆ. ಅವು ಇರುವುದು ಮೇಲ್ಮೈಯಿಂದ ಮಿಲಿಮೀಟರಿಗೂ ಕಡಿಮೆ ಆಳದಲ್ಲಿ, ಸಾವಿರಾರು ಸಂಖ್ಯೆಯಲ್ಲಿ, ಸುತ್ತ ಆರೋಗ್ಯವಂತ ಚರ್ಮ ತುಂಬಿಕೊಂಡು. ಇವನ್ನು ಒಂದೊಂದಾಗಿ ಹೆಕ್ಕಿ ತೆಗೆಯುವ ಚಾಕು ಯಾರ ಬಳಿ ಇದೆ? ಇಪ್ಪತ್ತನೆಯ ಶತಮಾನದ ವೈದ್ಯರು ಪಟ್ಟ ಪಾಡು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮಚ್ಚೆಯನ್ನು ಕತ್ತರಿಸಿ ತೊಡೆಯ ಚರ್ಮ ತೇಪೆ ಹಾಕಿದರು. ಮೈಬಣ್ಣದ ಹಚ್ಚೆ ಚುಚ್ಚಿ ಮುಚ್ಚಲು ನೋಡಿದರು. ಥೋರಿಯಂ-ಎಕ್ಸ್ ಎಂಬ ವಿಕಿರಣ ಸೂಸುವ ಪದಾರ್ಥವನ್ನು ಮಕ್ಕಳ ಮುಖಕ್ಕೆ ಹಚ್ಚಿದ್ದೂ ಉಂಟು. ಅಷ್ಟು ಮಾಡಿಯೂ ಮಚ್ಚೆ ಹೋಗಲಿಲ್ಲ.

1960ರ ಮೇ 16ರಂದು ಕ್ಯಾಲಿಫೋರ್ನಿಯಾದಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಕಡ್ಡಿಯೊಂದರಿಂದ ಮೊದಲ ಲೇಸರ್ ಕಿರಣ ಹೊರಡಿಸಿದರು. ಕೆಲವೇ ವರ್ಷಗಳಲ್ಲಿ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಮನುಷ್ಯರ ಚರ್ಮದ ಮೇಲೆ ಹಾಯಿಸಿ ನೋಡಿದರು. ಅವರು ಕಂಡದ್ದು ಕುತೂಹಲದ ಸಂಗತಿ: ಕಪ್ಪು ಕೂದಲು, ಕಪ್ಪು ಕಲೆಗೆ ಪೆಟ್ಟಾಗುತ್ತಿತ್ತು, ಪಕ್ಕದ ಬಿಳಿ ಚರ್ಮಕ್ಕೆ ಅಷ್ಟಾಗಿ ಇಲ್ಲ. ಬಣ್ಣ ನೋಡಿ ಹೊಡೆಯುವ ಆಯುಧ ಕೈಗೆ ಸಿಕ್ಕಿತ್ತು. ಹಾಗಾದರೆ ಕೆಂಪು ರಕ್ತ ಹೀರಿಕೊಳ್ಳುವ ಬೆಳಕನ್ನೇ ಬಿಟ್ಟರಾಯಿತಲ್ಲ? 1970ರ ದಶಕದಲ್ಲಿ ಆರ್ಗಾನ್ ಲೇಸರಿನ ನೀಲಿ-ಹಸಿರು ಕಿರಣವನ್ನು ಮಚ್ಚೆಗಳ ಮೇಲೆ ಪ್ರಯೋಗಿಸಿದರು. ಮಚ್ಚೆ ತಿಳಿಯಾಯಿತು, ನಿಜ. ಆದರೆ ಬಹಳ ಜನರಿಗೆ, ಅದರಲ್ಲೂ ಮಕ್ಕಳಿಗೆ, ಅದರ ಜಾಗದಲ್ಲಿ ಸುಟ್ಟ ಗಾಯದ ಕಲೆ ಉಳಿಯಿತು. "ಲೇಸರ್ ಅಂದ್ರೆ ಹೈಟೆಕ್ ಬರೆ ಅಷ್ಟೇ" ಎಂದು ಈಗಲೂ ಮೂಗು ಮುರಿಯುವವರ ಅನುಮಾನಕ್ಕೆ ಆ ಕಾಲದಲ್ಲಿ ಆಧಾರವಿತ್ತು. ಈಗ ಇಲ್ಲ.

ಏನು ತಪ್ಪಿತ್ತು? ಬಣ್ಣ ಹೆಚ್ಚುಕಡಿಮೆ ಸರಿಯಿತ್ತು. ತಪ್ಪಿದ್ದು ಹೊತ್ತಿನ ಲೆಕ್ಕ.

1983ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಕೆಲವೇ ಪುಟಗಳ ಲೇಖನ ಇದನ್ನು ಬಿಡಿಸಿತು. ವೈದ್ಯಕೀಯದಲ್ಲಿ ಇಷ್ಟು ಅಚ್ಚುಕಟ್ಟಾದ ವಿಚಾರ ಸಿಗುವುದು ಅಪರೂಪ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮ ಊರುಗಳಲ್ಲಿ ಕೊಂಡ ಹಾಯುವುದನ್ನು ನೋಡಿದ್ದೀರಲ್ಲ? ದೇವರನ್ನು ಹೊತ್ತವರು ನಿಗಿನಿಗಿ ಕೆಂಡದ ಮೇಲೆ ಸರಸರನೆ ನಡೆದು ದಾಟುತ್ತಾರೆ, ಅಂಗಾಲು ಸುಡುವುದಿಲ್ಲ. ಮಡಿಯಲ್ಲಿದ್ದರು, ವ್ರತ ಹಿಡಿದಿದ್ದರು ಎನ್ನುತ್ತಾರೆ. ಭಕ್ತಿಯ ಮಾತು ಬೇರೆ. ಪಾದ ಉಳಿಯುವುದಕ್ಕೆ ಭೌತಶಾಸ್ತ್ರದ ಕಾರಣ ಸಾಕು. ಬೂದಿ ಮುಚ್ಚಿದ ಕೆಂಡ ಶಾಖವನ್ನು ಬೇಗ ದಾಟಿಸುವ ವಸ್ತುವಲ್ಲ, ಹೆಜ್ಜೆ ಊರುವುದೂ ಅರೆ ಗಳಿಗೆ. ಶಾಖ ಒಳಕ್ಕೆ ಇಳಿಯುವ ಮೊದಲೇ ಕಾಲು ಮೇಲೆದ್ದಿರುತ್ತದೆ. ಅದೇ ಕೆಂಡದ ಮೇಲೆ ನಿಂತು ಹರಕೆಯ ಮಾತು ಶುರುಮಾಡಿದರೆ ಯಾವ ವ್ರತವೂ ಕಾಯುವುದಿಲ್ಲ. ಕೆಂಡದ ಬಿಸಿ ಎಷ್ಟು ಎನ್ನುವುದರ ಜೊತೆಗೆ, ಶಾಖಕ್ಕೆ ಹರಡಲು ಎಷ್ಟು ಹೊತ್ತು ಸಿಕ್ಕಿತು ಎನ್ನುವುದೂ ಮುಖ್ಯ.

ಕಾದ ರಕ್ತನಾಳದ ಲೆಕ್ಕವೂ ಇದೇ. ಬಿಸಿಯಾದ ನಾಳ ತನ್ನ ಶಾಖವನ್ನು ಸುತ್ತಲ ಚರ್ಮಕ್ಕೆ ಬಿಟ್ಟುಕೊಡಲು ಒಂದಿಷ್ಟು ಕಾಲ ಬೇಕು. 50 ಮೈಕ್ರೊಮೀಟರ್ ನಾಳಕ್ಕೆ ಅದು ಸುಮಾರು 1 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗ. 100 ಮೈಕ್ರೊಮೀಟರ್ ನಾಳಕ್ಕೆ 2 ಮಿಲಿಸೆಕೆಂಡ್ ಅಲ್ಲ, ಹತ್ತಿರ ಹತ್ತಿರ 5. ಅಗಲ ಇಮ್ಮಡಿಯಾದರೆ ತಣಿಯುವ ಕಾಲ ನಾಲ್ಕು ಪಟ್ಟು, ಅಗಲದ ವರ್ಗಕ್ಕೆ ತಕ್ಕಂತೆ. ಈಗ ಬೆಳಕಿನ ಮಿಡಿತವನ್ನು, ಅಂದರೆ ಒಂದು ಸಲಕ್ಕೆ ಬೆಳಕು ಬಿಡುವ ಹೊತ್ತನ್ನು, ಈ ಕಾಲಕ್ಕಿಂತ ಚಿಕ್ಕದಾಗಿಸಿ. ಶಾಖ ಹೊರಗೆ ಹೊರಡುವಷ್ಟರಲ್ಲಿ ನಾಳದೊಳಗಿನ ರಕ್ತ ಕುದಿಯುವ ಹತ್ತಿರ ಬಂದಿರುತ್ತದೆ, ನಾಳದ ಗೋಡೆ ಬೆಂದು ಮುಚ್ಚಿಹೋಗಿರುತ್ತದೆ. ಅದೇ ಶಾಖ ಆಮೇಲೆ ಸುತ್ತಲಿಗೆ ಹರಡಿದರೂ ಅಷ್ಟು ದೊಡ್ಡ ಜಾಗದಲ್ಲಿ ಹಂಚಿಹೋಗಿ ಯಾರಿಗೂ ತೊಂದರೆ ಮಾಡುವುದಿಲ್ಲ. ಆರ್ಗಾನ್ ಲೇಸರಿನ ಒಂದೊಂದು ಮಿಡಿತ ಸೆಕೆಂಡಿನ ಹತ್ತರ ಒಂದು ಭಾಗದ ಆಸುಪಾಸಿನಲ್ಲಿರುತ್ತಿತ್ತು. ಅಷ್ಟರಲ್ಲಿ ಶಾಖ ಕಾಲು ಮಿಲಿಮೀಟರಿನಷ್ಟು ದೂರ ಹೋಗುತ್ತದೆ. ನಡುವೆ ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಕೊಲಾಜೆನ್ ಎಲ್ಲ ಬೇಯುತ್ತದೆ, ಕಲೆ ಬೀಳುತ್ತದೆ.

ಇದರಲ್ಲಿ ಶಕ್ತಿ ಎಷ್ಟು ಕಡಿಮೆ ಎಂಬುದು ನನಗೆ ಇನ್ನೂ ಸೋಜಿಗ. 7 ಮಿಲಿಮೀಟರ್ ಅಗಲದ ಚುಕ್ಕೆಯ ಮೇಲೆ ಚದರ ಸೆಂಟಿಮೀಟರಿಗೆ 7 ಜೂಲ್‌ನಂತೆ ಬಿಟ್ಟರೆ ಒಟ್ಟು 2.7 ಜೂಲ್. ಒಂದು ಚಮಚ ನೀರಿಗೆ ಅಷ್ಟನ್ನೂ ಕೊಟ್ಟರೆ ಅದು 0.13 ಡಿಗ್ರಿ ಬಿಸಿಯಾದೀತು. ಅಷ್ಟೇ ಶಕ್ತಿ ಅರ್ಧ ಮಿಲಿಸೆಕೆಂಡಿನಲ್ಲಿ, ಅದನ್ನು ಆಸೆಯಿಂದ ಹೀರುವ ನಾಳಗಳಲ್ಲಿ ಹೋಗಿ ನಿಂತರೆ ರಕ್ತ ಹೆಪ್ಪುಗಟ್ಟುತ್ತದೆ.

ಇನ್ನು ಬಣ್ಣ. ಬೆಳಕಿನ ಬಣ್ಣವನ್ನು ಅದರ ಅಲೆಯ ಉದ್ದದಿಂದ, ಅಂದರೆ ತರಂಗಾಂತರದಿಂದ, ನ್ಯಾನೊಮೀಟರಿನ ಲೆಕ್ಕದಲ್ಲಿ ಗುರುತಿಸುತ್ತಾರೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅತಿ ಹೆಚ್ಚು ಹೀರುವುದು 418 ನ್ಯಾನೊಮೀಟರಿನ ನೇರಳೆ ಬೆಳಕನ್ನು. ಆದರೆ ಆ ಬೆಳಕು ಆಳಕ್ಕೆ ಇಳಿಯುವುದಿಲ್ಲ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ದಾರಿಯಲ್ಲೇ ಅದನ್ನು ನುಂಗುತ್ತದೆ. ಆಮೇಲಿನ ಏರುಗಳು 542 ಮತ್ತು 577ರಲ್ಲಿವೆ. ಆಂಡರ್ಸನ್ ಹಿಡಿದದ್ದು 577ರ ಹಳದಿ. ಮುಂದೆ ಇನ್ನಷ್ಟು ಆಳಕ್ಕೆ ಮುಟ್ಟಲೆಂದು 585ಕ್ಕೂ 595ಕ್ಕೂ ಸರಿದರು. ಬೀದಿಯ ಹಳೆಯ ಸೋಡಿಯಂ ದೀಪಗಳ ಹಳದಿ 589, ಎರಡರ ನಡುವೆಯೇ ಬರುತ್ತದೆ. ಇಂಥ ಬೆಳಕನ್ನು ಮಿಡಿತ ಮಿಡಿತವಾಗಿ ಕೊಡಲು ದ್ರವದಲ್ಲಿ ಕರಗಿಸಿದ ರೋಡಮೈನ್ ಕುಟುಂಬದ ಬಣ್ಣಗಳನ್ನು ಬಳಸಿದರು. ಹೌದು, 2024ರಲ್ಲಿ ಕರ್ನಾಟಕ ಸರ್ಕಾರ ಕಾಟನ್ ಕ್ಯಾಂಡಿಯಲ್ಲಿ ನಿಷೇಧಿಸಿದ ರೋಡಮೈನ್-ಬಿ ಇದೇ ಮನೆತನದ್ದು! ತಿಂಡಿಗೆ ಬಾರದ ಬಣ್ಣ ಯಂತ್ರದೊಳಗೆ ಸಜ್ಜನ. ಈ ಪಲ್ಸ್ಡ್ ಡೈ ಲೇಸರಿನಿಂದ ಮಕ್ಕಳ ಮಚ್ಚೆ ಕಲೆ ಬೀಳದಂತೆ ತಿಳಿಯಾದದ್ದನ್ನು ಬಾಸ್ಟನ್ನಿನ ವೈದ್ಯರು 1989ರಲ್ಲಿ ಪ್ರಕಟಿಸಿದರು. ಈ ಹಳದಿ ಬೆಳಕಿನಿಂದ ಕ್ಯಾನ್ಸರ್ ಬರುತ್ತದೆಂಬ ಭಯಕ್ಕೂ ಬುಡವಿಲ್ಲ. ಇದು ಕಣ್ಣಿಗೆ ಕಾಣುವ ಬೆಳಕು, ಎಕ್ಸ್‌ರೇಯಂತೆ ಡಿಎನ್‌ಎ ಕಡಿಯುವ ತಾಕತ್ತು ಅದಕ್ಕಿಲ್ಲ. ಕಣ್ಣಿಗೆ ಮಾತ್ರ ರಕ್ಷಾಕವಚ ಬೇಕೇ ಬೇಕು, ರೋಗಿಗೂ ವೈದ್ಯರಿಗೂ.

ಇಷ್ಟೆಲ್ಲ ಕೆಲಸ ಮೊದಲು ನಡೆದದ್ದು ಬಿಳಿಯರ ಚರ್ಮದ ಮೇಲೆ. ನಮ್ಮ ಗೋಧಿಬಣ್ಣ, ಎಣ್ಣೆಗಪ್ಪು ಬಣ್ಣದ ಚರ್ಮದ ಮೇಲುಪದರದಲ್ಲಿ ಮೆಲನಿನ್ ಹೆಚ್ಚು. ಅದಕ್ಕೂ ಹಳದಿ ಬೆಳಕು ಇಷ್ಟವೇ. ನಾಳ ತಲುಪುವ ಮೊದಲೇ ಅದು ಪಾಲು ಕೇಳುತ್ತದೆ, ಹೊರಚರ್ಮ ಕಾದು ಬೊಕ್ಕೆ ಏಳುತ್ತದೆ, ಕಪ್ಪೋ ಬಿಳುಪೋ ಆದ ಗುರುತು ಉಳಿಯುತ್ತದೆ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಸ್ಟುವರ್ಟ್ ನೆಲ್ಸನ್ ಮತ್ತು ಸಂಗಡಿಗರು ಇದಕ್ಕೂ ಹೊತ್ತಿನ ಲೆಕ್ಕದಲ್ಲೇ ಉಪಾಯ ಹುಡುಕಿದರು. ಲೇಸರ್ ಮಿಡಿಯುವುದಕ್ಕೆ ಕ್ಷಣದ ಮೊದಲು, ಸೆಕೆಂಡಿನ ನೂರರ ಕೆಲವು ಭಾಗದಷ್ಟು ಕಾಲ, ಮೈನಸ್ 26 ಡಿಗ್ರಿಯಲ್ಲಿ ಕುದಿಯುವ ದ್ರವವನ್ನು ಚರ್ಮಕ್ಕೆ ಸಿಂಪಡಿಸುವುದು. ಫ್ರಿಜ್ಜಿನಲ್ಲಿ, ಕಾರಿನ ಏಸಿಯಲ್ಲಿ ಬಳಸುತ್ತಿದ್ದ ಅನಿಲವೇ ಅದು. ತಂಪು ಮೆಲನಿನ್ ಇರುವ ಮೇಲುಪದರಕ್ಕೆ ಇಳಿದಿರುತ್ತದೆ, ಕೆಳಗಿನ ನಾಳಕ್ಕೆ ಇನ್ನೂ ಸುದ್ದಿಯೇ ಮುಟ್ಟಿರುವುದಿಲ್ಲ. ಅಷ್ಟರಲ್ಲಿ ಬೆಳಕು. ಕನ್ನಡಿಗರ ಚರ್ಮದ ಮೇಲೆ ಈ ಚಿಕಿತ್ಸೆ ಇಂದು ಸಲೀಸಾಗಿದ್ದರೆ ಈ ತಂಪಿಗೆ ದೊಡ್ಡ ಪಾಲು ಸಲ್ಲಬೇಕು.

ವಿಚಾರ ಒಮ್ಮೆ ಕೈಗೆ ಹತ್ತಿದರೆ ಚರ್ಮದ ಬೇರೆ ಲೇಸರುಗಳೂ ತಾವಾಗಿ ಬಿಡಿಸಿಕೊಳ್ಳುತ್ತವೆ. ಕೂದಲ ಬುಡ ದಪ್ಪ, ಅದಕ್ಕೆ ಹತ್ತಾರು ಮಿಲಿಸೆಕೆಂಡಿನ ಮಿಡಿತ. ಹಿಂದೆ ಕೊರವಂಜಿಯರು ಚುಚ್ಚುತ್ತಿದ್ದ ಹಚ್ಚೆಯ ಮಸಿಕಣ ಅತಿ ಸಣ್ಣದು, ಅದು ತಣಿಯುವುದೂ ಕಣ್ಣೆವೆ ಇಕ್ಕುವುದಕ್ಕಿಂತ ಲಕ್ಷಾಂತರ ಪಟ್ಟು ಬೇಗ. ಹಾಗಾಗಿ ಅದನ್ನು ಒಡೆಯಲು ನ್ಯಾನೊಸೆಕೆಂಡುಗಳ, ಅಂದರೆ ಸೆಕೆಂಡಿನ ನೂರು ಕೋಟಿಯ ಕೆಲವೇ ಭಾಗಗಳ, ಮಿಡಿತ ಬೇಕು. ತೊನ್ನಿಗೆ ಬಳಸುವ 308 ನ್ಯಾನೊಮೀಟರಿನ ಎಕ್ಸೈಮರ್ ಲೇಸರ್ ಮಾತ್ರ ಈ ಲೆಕ್ಕದ ಹೊರಗಿನದು. ಅದು ನೇರಳಾತೀತ, ಸುಡುವುದಕ್ಕಲ್ಲ, ಬಣ್ಣದ ಕೋಶಗಳನ್ನು ಎಬ್ಬಿಸುವುದಕ್ಕೆ. ಆದ್ದರಿಂದ "ಲೇಸರ್ ಮಾಡಿಸ್ತೀವಿ, ಎಲ್ಲಾ ಹೋಗತ್ತೆ" ಎನ್ನುವ ಪಾರ್ಲರಿನ ಫಲಕ ಕಂಡರೆ ಕೇಳಬೇಕಾದದ್ದು ಯಾವ ತರಂಗಾಂತರ, ಎಷ್ಟು ಉದ್ದದ ಮಿಡಿತ ಎಂದು. ಬಂಗು ಹೋಗಲೆಂದು ಕಂಡಕಂಡಲ್ಲಿ ಲೇಸರ್ ಮಾಡಿಸಿಕೊಂಡು ಮುಖ ಇನ್ನಷ್ಟು ಕಪ್ಪಾಗಿಸಿಕೊಂಡವರು ಚರ್ಮವೈದ್ಯರ ಬಾಗಿಲಲ್ಲಿ ಸಾಕಷ್ಟು ಸಿಗುತ್ತಾರೆ. ಕಾದ ಮೆಲನಿನ್ ಕೋಶಗಳು ಸುಮ್ಮನಾಗುವ ಬದಲು ಕೆರಳುತ್ತವೆ.

ಮಚ್ಚೆಯ ಮಗುವನ್ನು ಕರೆದೊಯ್ಯುವ ಮನೆಯವರಿಗೆ ಎರಡು ಮಾತು ಮೊದಲೇ ಗೊತ್ತಿರಬೇಕು. ಮಚ್ಚೆ ಹಣೆ ಅಥವಾ ಕಣ್ಣುರೆಪ್ಪೆಯ ಮೇಲಿದ್ದರೆ ಬಣ್ಣದ ಚಿಂತೆ ಆಮೇಲೆ. ಮೆದುಳಿನ ಹೊದಿಕೆಯಲ್ಲೂ ಕಣ್ಣಲ್ಲೂ ಅದೇ ದೋಷವಿರುವ ಸ್ಟರ್ಜ್-ವೆಬರ್ ಕಾಯಿಲೆ ಇರಬಹುದು. ಫಿಟ್ಸ್ ಬರಬಹುದು, ಕಣ್ಣೊಳಗಿನ ಒತ್ತಡ ಏರುವ ಗ್ಲಾಕೋಮದಿಂದ ದೃಷ್ಟಿ ಹೋಗಬಹುದು, ಅದನ್ನು ಮೊದಲು ಪರೀಕ್ಷಿಸಬೇಕು. ಎರಡನೆಯದು, ಲೇಸರ್ ಮುಗಿದ ಕೂಡಲೇ ಮಚ್ಚೆ ತಿಳಿಯಾಗುವುದಿಲ್ಲ, ಕಡುನೇರಳೆಯಾಗುತ್ತದೆ. ಒಳಗೆ ನಾಳ ಒಡೆದು ಹೆಪ್ಪುಗಟ್ಟಿದ ರಕ್ತ ಅದು, ಒಂದೆರಡು ವಾರದಲ್ಲಿ ಇಳಿಯುತ್ತದೆ. ತಿಂಗಳೆರಡು ತಿಂಗಳ ಅಂತರದಲ್ಲಿ ಹಲವು ಸಲ ಹೋಗಬೇಕು. ಚರ್ಮ ತೆಳುವಾಗಿದ್ದು ಮಚ್ಚೆಯೂ ಚಿಕ್ಕದಿರುವ ಹಸುಳೆ ವಯಸ್ಸಿನಲ್ಲೇ ಶುರುಮಾಡುವುದು ಒಳ್ಳೆಯದು.

ಹಾಗಿದ್ದೂ ಪೂರ್ತಿ ಅಳಿಸಿಹೋಗುವ ಮಚ್ಚೆಗಳು ಕಡಿಮೆ. ಹತ್ತು ವರ್ಷದ ಮೇಲೆ ಕೆಲವು ಮತ್ತೆ ಗಾಢವಾಗುತ್ತವೆ ಎಂದು ನೆದರ್ಲೆಂಡ್ಸ್‌ನ ವೈದ್ಯರು 2007ರಲ್ಲಿ ತೋರಿಸಿದರು. ಇದಕ್ಕೂ ಕಾರಣ ಅಗಲದ ವರ್ಗದ ಅದೇ ಲೆಕ್ಕದಲ್ಲಿ ಅಡಗಿದೆ. 10 ಮೈಕ್ರೊಮೀಟರಿನ ನಾಳ ತಣಿಯಲು 0.05 ಮಿಲಿಸೆಕೆಂಡ್ ಸಾಕು. ಯಂತ್ರದ ಅತಿ ಚಿಕ್ಕ ಮಿಡಿತ 0.45 ಮಿಲಿಸೆಕೆಂಡ್. ಕಾಯಿಸಿದಂತೆಲ್ಲ ಅದು ಶಾಖ ಚೆಲ್ಲಿಕೊಂಡು ಪಾರಾಗುತ್ತದೆ. ದೊಡ್ಡವು ಸತ್ತ ಮೇಲೆ ಉಳಿದ ಈ ಸಣ್ಣ ನಾಳಗಳ ಕೋಶಗಳಲ್ಲಿ ವಂಶವಾಹಿಯ ಆ ತಪ್ಪಕ್ಷರ ಹಾಗೇ ಇರುತ್ತದೆ, ಅವು ಮತ್ತೆ ಹಿಗ್ಗುತ್ತವೆ. ಅದಕ್ಕೇ ಚೀನಾದ ವೈದ್ಯರು ಶಾಖವನ್ನೇ ನೆಚ್ಚದ ದಾರಿ ಹಿಡಿದಿದ್ದಾರೆ. ಬೆಳಕಿಗೆ ಸ್ಪಂದಿಸುವ ಹಿಮೋಪೋರ್ಫಿನ್ ಎಂಬ ಔಷಧವನ್ನು ರಕ್ತಕ್ಕೆ ಚುಚ್ಚಿ, ಮಚ್ಚೆಯ ಮೇಲೆ ಹಸಿರು ಬೆಳಕನ್ನು ನಿಮಿಷಗಟ್ಟಲೆ ಬಿಡುತ್ತಾರೆ. ನಾಳವನ್ನು ಕೊಲ್ಲುವುದು ಅಲ್ಲಿ ಹುಟ್ಟುವ ಕ್ರಿಯಾಶೀಲ ಆಮ್ಲಜನಕ, ಹಾಗಾಗಿ ಸಣ್ಣ ನಾಳಕ್ಕೂ ವಿನಾಯಿತಿಯಿಲ್ಲ. ಆಮೇಲೆ ಕೆಲವು ದಿನ ರೋಗಿ ಬಿಸಿಲಿಗೆ ಬರುವ ಹಾಗಿಲ್ಲ.