ಬಿಸಿಯಾದಾಗ ಮಾತ್ರ ಸೆಲ್ಫ್ ಹೊಡೆಯದ ಕಾರು: ಸ್ಟಾರ್ಟರ್ ಮೋಟಾರ್ ಬದಲಿಸುವವರಿಗೆ ಟಿಪ್ಪಣಿ

ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಕಾರು ಸ್ಟಾರ್ಟ್ ಆಗುತ್ತದೆ. ದೂರ ಓಡಿಸಿ, ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಕೀ ತಿರುಗಿಸಿದರೆ ‘ಟಕ್’ ಎಂದು ಸುಮ್ಮನಾಗುತ್ತದೆ. ಪೂರ್ತಿ ಆರಿದ ಮೇಲೆ ಮತ್ತೆ ಸರಿ. ಕಲಿಯುವವರಿಗೆ ಇಷ್ಟು ಒಳ್ಳೆಯ ಪಾಠ ಬೇರೆ ಸಿಗುವುದು ಕಷ್ಟ. ವಿದ್ಯುತ್ತು, ಕಾಂತತ್ವ, ಶಾಖ, ಸವೆತ ಎಲ್ಲವೂ ಒಂದೇ ದೋಷದಲ್ಲಿ ಕೂಡಿಕೊಂಡಿವೆ. ಮುಖ್ಯವಾಗಿ ನೆನಪಿಡಬೇಕಾದದ್ದು ಇಷ್ಟು: ದೋಷ ಕಾಣಿಸಿಕೊಂಡ ಹೊತ್ತಿನಲ್ಲೇ ಮೀಟರ್ ಹಿಡಿಯಬೇಕು. ತಣ್ಣಗಿದ್ದಾಗ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಮೊದಲು ಕಿವಿಗೆ ಕೆಲಸ ಕೊಡಿ. ಎಂಜಿನ್ ಚುರುಕಾಗಿ ತಿರುಗುತ್ತಿದ್ದು ಹತ್ತಿಕೊಳ್ಳುತ್ತಿಲ್ಲವಾದರೆ ಸ್ಟಾರ್ಟರ್, ಅಂದರೆ ಎಂಜಿನನ್ನು ಮೊದಲು ತಿರುಗಿಸಿಕೊಡುವ ವಿದ್ಯುತ್ ಮೋಟಾರ್, ನಿರಪರಾಧಿ. ಇಂಧನ, ಇಗ್ನಿಷನ್, ಕ್ರ್ಯಾಂಕ್ ಸೆನ್ಸರ್ ಕಡೆ ನೋಡಬೇಕು. ಎಂಜಿನ್ ನಿಧಾನವಾಗಿ, ಎಳೆದುಕೊಂಡು ತಿರುಗಿದರೆ ಒಂದು ದಾರಿ. ಒಂದೇ ‘ಟಕ್’ ಅಥವಾ ಏನೂ ಸದ್ದಿಲ್ಲವಾದರೆ ಇನ್ನೊಂದು ದಾರಿ.

ಬಿಸಿಗೆ ಯಾಕೆ ಸೋಲುತ್ತದೆ?

ಓಡುವಾಗ ಗಾಳಿ ಬಡಿಯುತ್ತಿರುತ್ತದೆ, ಕೂಲೆಂಟ್ ಹರಿಯುತ್ತಿರುತ್ತದೆ. ಎಂಜಿನ್ ಆಫ್ ಮಾಡಿದ ತಕ್ಷಣ ಹರಿವು ನಿಲ್ಲುತ್ತದೆ, ಆದರೆ ಕಬ್ಬಿಣದೊಳಗಿನ ಶಾಖ ಅಲ್ಲೇ ಉಳಿದಿರುತ್ತದೆ. ಹಾಗಾಗಿ ಬಾನೆಟ್ ಒಳಗಿನ ಬಿಸಿ ನಿಲ್ಲಿಸಿದ ಮೇಲೆ ಕೆಲವು ನಿಮಿಷ ಏರುತ್ತಲೇ ಹೋಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲೇ ಕೂತ ಸ್ಟಾರ್ಟರ್‌ಗೆ ಇದರ ಪೆಟ್ಟು ಹೆಚ್ಚು.

ಈಗ ಲೆಕ್ಕ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ 0.39ರಷ್ಟು ಏರುತ್ತದೆ. 20 ಡಿಗ್ರಿಯಿಂದ 100 ಡಿಗ್ರಿಗೆ ಹೋದರೆ ಏರಿಕೆ ಸುಮಾರು ಶೇ 31. ಅದೇ ವೋಲ್ಟೇಜಿಗೆ ಕರೆಂಟು ಶೇ 76ಕ್ಕೆ ಇಳಿಯುತ್ತದೆ. ಸ್ಟಾರ್ಟರಿನ ಮೇಲಿರುವ ಸೊಲೆನಾಯ್ಡ್ (ಕರೆಂಟು ಹರಿದಾಗ ಕಾಂತವಾಗುವ ಸುರುಳಿ) ತನ್ನೊಳಗಿನ ಪ್ಲಂಜರನ್ನು (ಜಾರುವ ಕಬ್ಬಿಣದ ತುಂಡು) ಎಳೆಯುವ ಬಲ ಹೆಚ್ಚುಕಡಿಮೆ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಬಲ ಶೇ 58ರ ಆಸುಪಾಸಿಗೆ ಬೀಳುತ್ತದೆ. ಇದರ ಮೇಲೆ ಇಗ್ನಿಷನ್ ಸ್ವಿಚ್ಚಿನ ಸವೆದ ಕಾಂಟ್ಯಾಕ್ಟಿನಲ್ಲಿ 12ರಲ್ಲಿ 1 ವೋಲ್ಟ್ ಸೋರಿದರೆ ಬಲ ಅರ್ಧಕ್ಕೂ ತುಸು ಕಡಿಮೆ. ಬಿಡಿಬಿಡಿಯಾಗಿ ನೋಡಿದರೆ ಸಣ್ಣದೆನಿಸುವ ಎರಡು ನಷ್ಟ ಸೇರಿ ಕಾರನ್ನೇ ನಿಲ್ಲಿಸುತ್ತವೆ. ನನಗೆ ಈ ದೋಷದಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ.

ಸೊಲೆನಾಯ್ಡಿನಲ್ಲಿ ಎರಡು ಸುರುಳಿಗಳಿವೆ. ಒಂದು ಪ್ಲಂಜರನ್ನು ಎಳೆಯುತ್ತದೆ, ಇನ್ನೊಂದು ಹಿಡಿದಿಡುತ್ತದೆ. ಪ್ಲಂಜರ್ ಒಳಸರಿದಾಗ ಪಿನಿಯನ್ (ಸ್ಟಾರ್ಟರಿನ ಪುಟ್ಟ ಹಲ್ಲುಚಕ್ರ) ಮುಂದೆ ಬಂದು ಎಂಜಿನಿನ ಫ್ಲೈವೀಲಿನ ಸುತ್ತಲಿನ ಹಲ್ಲುಪಟ್ಟಿಯಾದ ರಿಂಗ್ ಗೇರಿಗೆ ಕಚ್ಚಿಕೊಳ್ಳುತ್ತದೆ, ಕೊನೆಯಲ್ಲಿ ತಾಮ್ರದ ದಪ್ಪ ಕಾಂಟ್ಯಾಕ್ಟ್‌ಗಳು ಕೂಡಿ ಮೋಟಾರಿಗೆ ಕರೆಂಟು ಹರಿಯುತ್ತದೆ. ಈ ಕಾಂಟ್ಯಾಕ್ಟ್ ಸುಟ್ಟು ಸವೆದಿದ್ದರೆ ‘ಟಕ್’ ಕೇಳಿಸುತ್ತದೆ, ಮೋಟಾರ್ ತಿರುಗುವುದಿಲ್ಲ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದು ಗಿಡ್ಡವಾಗಿದ್ದರೂ ಹಾಗೇ. ಬುಷ್ (ಅಚ್ಚನ್ನು ಹಿಡಿದಿಡುವ ಲೋಹದ ಬಳೆ) ಸವೆದು ಆರ್ಮೇಚರ್, ಅಂದರೆ ಆ ತಿರುಗುವ ಭಾಗ, ಪಕ್ಕಕ್ಕೆ ಉಜ್ಜುತ್ತಿದ್ದರೆ ಎಳೆದುಕೊಂಡು ತಿರುಗುವ ಲಕ್ಷಣ.

ಅಳತೆ

ಕಾರನ್ನು ಬಿಸಿ ಮಾಡಿ, ದೋಷ ಬರಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್ ಅಥವಾ ಪಾರ್ಕ್‌ನಲ್ಲಿಟ್ಟು, ಒಬ್ಬರು ಕೀ ಹಿಡಿಯಲಿ. ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಮೊದಲು ಬ್ಯಾಟರಿ ನೋಡಿ. ಆಮೇಲೆ ಮೋಟಾರ್ ತಿರುಗುತ್ತಿರುವಾಗಲೇ ಮೀಟರಿನ ಒಂದು ತುದಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಇನ್ನೊಂದು ಸ್ಟಾರ್ಟರಿನ ದಪ್ಪ ತಂತಿಯ ಬೋಲ್ಟಿನ ಮೇಲೆ ಇಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕೇಬಲ್ ಕೆಟ್ಟಿದೆ. ಮೈನಸ್ ಕಂಬಕ್ಕೂ ಸ್ಟಾರ್ಟರಿನ ಮೈಗೂ ನಡುವೆ 0.3 ದಾಟಬಾರದು. ಮೈನಸ್ ಕಂಬವನ್ನು ಕಾರಿನ ಮೈಗೆ ಜೋಡಿಸುವ ಅರ್ತ್ ಪಟ್ಟಿಯ ತುಕ್ಕನ್ನು ಎಷ್ಟೋ ಜನ ನೋಡುವುದೇ ಇಲ್ಲ.

ತೀರ್ಪು ಕೊಡುವ ಅಳತೆ ಸೊಲೆನಾಯ್ಡಿನ ಸಣ್ಣ ತಂತಿಯದ್ದು. ಆ ತುದಿಗೆ ‘50’ ಅಥವಾ ‘ಎಸ್’ ಎಂಬ ಗುರುತಿರುತ್ತದೆ. ಕೀ ತಿರುಗಿಸಿದಾಗ ಅಲ್ಲಿ 10 ವೋಲ್ಟಿಗಿಂತ ಹೆಚ್ಚು ಬಂದು, ದಪ್ಪ ಬೋಲ್ಟಿನಲ್ಲೂ ಬ್ಯಾಟರಿ ವೋಲ್ಟೇಜ್ ಇದ್ದು, ಅರ್ತ್ ಕೂಡ ಸರಿಯಿದ್ದು ಮೋಟಾರ್ ಕದಲದಿದ್ದರೆ ಸ್ಟಾರ್ಟರೇ ಹೋಗಿದೆ. ಸಣ್ಣ ತಂತಿಯಲ್ಲಿ 7-8 ವೋಲ್ಟ್ ಮಾತ್ರ ಇದ್ದರೆ ಹೊಸ ಸ್ಟಾರ್ಟರ್ ಹಾಕಿಯೂ ನೆಮ್ಮದಿ ಸಿಗುವುದು ಅನುಮಾನ. ಇಗ್ನಿಷನ್ ಸ್ವಿಚ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್), ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್ಚನ್ನು ಹುಡುಕಿ. ಸುತ್ತಿಗೆಯಿಂದ ತಟ್ಟಿ ನೋಡುವ ಅಭ್ಯಾಸ ಬಿಡುವುದೇ ಒಳ್ಳೆಯದು: ಈಗಿನ ಹಲವು ಸ್ಟಾರ್ಟರ್‌ಗಳಲ್ಲಿ ಶಾಶ್ವತ ಕಾಂತಗಳಿವೆ, ಪೆಟ್ಟು ಬಿದ್ದರೆ ಅವು ಬಿರುಕು ಬಿಡುತ್ತವೆ.

ಬಿಚ್ಚುವುದು, ಕೂರಿಸುವುದು

ಎಂಜಿನ್ ಆರಲಿ. ಬ್ಯಾಟರಿಯ ಮೈನಸ್ ತಂತಿಯನ್ನು ಮೊದಲು ತೆಗೆಯಿರಿ, ಇದರಲ್ಲಿ ರಾಜಿ ಬೇಡ. ದಪ್ಪ ಕೇಬಲ್ ನೇರವಾಗಿ ಬ್ಯಾಟರಿಯಿಂದ ಬರುತ್ತದೆ, ಸ್ಪಾನರ್ ಕಾರಿನ ಮೈಗೆ ತಾಗಿದರೆ ಕೈ ಸುಡುವಷ್ಟು ಕರೆಂಟು ಹರಿಯುತ್ತದೆ. ಕೆಳಗಿನಿಂದ ಕೆಲಸ ಮಾಡಬೇಕಾದರೆ ಬರೀ ಜಾಕ್ ನಂಬಿ ಕಾರಿನಡಿ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಸಾಮಾನ್ಯವಾಗಿ ಎರಡೋ ಮೂರೋ ಬೋಲ್ಟ್ ಇರುತ್ತವೆ. ಕೊನೆಯದನ್ನು ಬಿಚ್ಚುವಾಗ ಇನ್ನೊಂದು ಕೈ ಸ್ಟಾರ್ಟರಿನ ಅಡಿಯಲ್ಲಿರಲಿ, ನೋಡಲು ಚಿಕ್ಕದಾದರೂ ಭಾರವಿದೆ.

ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಪಿನಿಯನ್ ಹಲ್ಲು ಎಣಿಸಿ, ಬೋಲ್ಟ್ ತೂತು ಹೊಂದಿಸಿ ನೋಡಿ. ಹಳೆಯದರಡಿ ಶಿಮ್ (ಅಂತರ ಹೊಂದಿಸುವ ತೆಳು ತಗಡು) ಇದ್ದರೆ ಎತ್ತಿಡಿ. ರಿಂಗ್ ಗೇರಿನ ಹಲ್ಲುಗಳನ್ನು ಟಾರ್ಚ್ ಹಿಡಿದು ಒಂದು ಸುತ್ತು ನೋಡಿ.

ಸ್ಟಾರ್ಟರ್ ಕೂರುವ ಮುಖವನ್ನು ತಂತಿ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು. ಸಾಮಾನ್ಯವಾಗಿ ಮೋಟಾರಿನ ಅರ್ತ್ ಆ ಮುಖದ ಮೂಲಕವೇ ಹೋಗುತ್ತದೆ. ಅಲ್ಲಿ ಬಣ್ಣ, ತುಕ್ಕು ಬೇಡ. ದಪ್ಪ ಕೇಬಲಿನ ನಟ್ ಬಿಗಿಸುವಾಗ ಬೋಲ್ಟೇ ತಿರುಗಲು ಬಿಡಬೇಡಿ, ಸೊಲೆನಾಯ್ಡಿನ ಮುಚ್ಚಳ ಒಡೆಯುತ್ತದೆ. ಶಾಖ ತಡೆಯುವ ತಗಡಿನ ಹೊದಿಕೆಯನ್ನು ಮರಳಿ ಹಾಕಲೇಬೇಕು. ಅದಿಲ್ಲದಿದ್ದರೆ ಹೊಸ ಸ್ಟಾರ್ಟರಿಗೂ ಅದೇ ಗತಿ.

ತಣ್ಣಗಿದ್ದಾಗ ಸ್ಟಾರ್ಟ್ ಆಯಿತೆಂದು ಕೆಲಸ ಮುಗಿಸಬೇಡಿ. ಓಡಿಸಿ ಬನ್ನಿ, ಕಾಲು ಗಂಟೆ ಬಾನೆಟ್ ಮುಚ್ಚಿಟ್ಟು ಆಮೇಲೆ ಕೀ ತಿರುಗಿಸಿ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದೆರಡು ನಿಮಿಷ ಬಿಡಿ. ಆಗಲೂ ‘ಟಕ್’ ಎಂದರೆ ‘50’ರ ತಂತಿಯನ್ನು ಮತ್ತೆ ಅಳೆದು, ನಷ್ಟ ಎಲ್ಲಿದೆಯೋ ಆ ಸ್ವಿಚ್ ಅಥವಾ ತಂತಿಯನ್ನು ಬದಲಿಸಿ. ಹಳೆಯ ಕಾರುಗಳಲ್ಲಿ ರಿಲೇ ಹಾಕುವ ದಾರಿಯೂ ಇದೆ: ಕೀಯಿಂದ ಬರುವ ತಂತಿ ರಿಲೇಯ ಸುರುಳಿಗೆ, ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ದಪ್ಪ ತಂತಿ ಅದರ ಕಾಂಟ್ಯಾಕ್ಟ್ ಮೂಲಕ ಸೊಲೆನಾಯ್ಡಿಗೆ. ರಿಲೇಯನ್ನು ಎಕ್ಸಾಸ್ಟಿನಿಂದ ದೂರ ಕೂರಿಸಿ.