‘ನನ್ನ ಕಿಡ್ನಿ ಗೆಳೆಯನಿಗೇ ಹೋಗಲಿ’ ಅಂತ ಬರೆದಿಡಬಹುದಾ?

ಪ್ರಶ್ನೆ: ನನಗೆ 61 ವರ್ಷ. ಬಾಲ್ಯದ ಗೆಳೆಯನೊಬ್ಬ ಮೂರು ವರ್ಷದಿಂದ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾನೆ. ನಾನು ಸತ್ತರೆ ನನ್ನ ಕಿಡ್ನಿ ಅವನಿಗೇ ಸಿಗಬೇಕು, ಉಳಿದ ದೇಹ ನಮ್ಮ ಜಿಲ್ಲೆಯ ಮೆಡಿಕಲ್ ಕಾಲೇಜಿಗೆ ಹೋಗಬೇಕು ಅಂತ ವಿಲ್‌ನಲ್ಲಿ ಬರೆಯಬೇಕೆಂದಿದ್ದೇನೆ. ಕಾನೂನು ಇದನ್ನು ಒಪ್ಪುತ್ತದೆಯೇ?

ಬರೆಯಲು ಯಾರ ಅಡ್ಡಿಯೂ ಇಲ್ಲ. ಆದರೆ ಬರೆದ ಹಾಗೆ ನಡೆಯುವುದಿಲ್ಲ. ಸತ್ತ ಮೇಲೆ ಅಂಗ ಕೊಡುವುದೋ ಬೇಡವೋ ಎಂದು ನೀವು ಹೇಳಬಹುದು. ಇಂಥವರಿಗೇ ಕೊಡಿ ಎಂದು ಹೇಳಲು ಬರುವುದಿಲ್ಲ. ದೇಹದಾನದಲ್ಲಿ ಕಾಲೇಜನ್ನು ಆರಿಸಿಕೊಳ್ಳಬಹುದು. ಆದರೆ ಕಿಡ್ನಿ ತೆಗೆದ ದೇಹವನ್ನು ಕಾಲೇಜು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಂದರೆ ನಿಮ್ಮ ಎರಡು ಆಸೆಗಳು ಒಂದಕ್ಕೊಂದು ಅಡ್ಡ ಬರುತ್ತವೆ.

ಇನ್ನು ವಿಲ್. ನಮ್ಮ ಕಡೆ ವಿಲ್ ತೆಗೆದು ಓದುವುದು ಯಾವಾಗ? ಹನ್ನೊಂದನೇ ದಿನದ ಕಾರ್ಯವೆಲ್ಲ ಮುಗಿದು, ನೆಂಟರು ಹೊರಟ ಮೇಲೆ. ಅಷ್ಟರಲ್ಲಿ ಕಿಡ್ನಿಯೂ ಇಲ್ಲ, ದೇಹವೂ ಇಲ್ಲ. ಆಸ್ತಿಗೆ ಬರೆದ ಹಾಗೆ ಇದನ್ನು ಬರೆದು ಬೀರುವಿನಲ್ಲಿಟ್ಟರೆ ಏನೂ ಉಪಯೋಗವಿಲ್ಲ.

ಮೊದಲು ಕಿಡ್ನಿಯ ವಿಚಾರ ನೋಡೋಣ. ಅಂಗಾಂಗ ಕಸಿಗೆ ಇರುವುದು 1994ರ ಕೇಂದ್ರ ಕಾಯ್ದೆ. ಅದು ಬರುವ ಮೊದಲು ಬೆಂಗಳೂರು, ಚೆನ್ನೈ, ಮುಂಬೈಗಳಲ್ಲಿ ಕಿಡ್ನಿ ವ್ಯಾಪಾರ ಜೋರಾಗಿತ್ತು. ಸಾಲದಲ್ಲಿ ಮುಳುಗಿದವರು ಮಾರುತ್ತಿದ್ದರು, ದುಡ್ಡಿದ್ದವರು ಕೊಳ್ಳುತ್ತಿದ್ದರು, ನಡುವಿನ ದಲ್ಲಾಳಿ ಎರಡೂ ಕಡೆಯಿಂದ ತಿನ್ನುತ್ತಿದ್ದ. ಆ ವ್ಯಾಪಾರ ನಿಲ್ಲಿಸಲೆಂದೇ ‘ಯಾರಿಗೆ ಕೊಡಬಹುದು’ ಎಂಬ ಪ್ರಶ್ನೆಯನ್ನು ಕಾಯ್ದೆ ಅಷ್ಟು ಬಿಗಿ ಮಾಡಿತು. 2011ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು, 2014ರಲ್ಲಿ ಹೊಸ ನಿಯಮಗಳು ಬಂದವು. ಈಗ ಅಂಗ ಮಾರಿದರೂ ಕೊಂಡರೂ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ.

ಬದುಕಿರುವವರು ಕೊಡುವುದಾದರೆ ಲೆಕ್ಕ ಬೇರೆ. ಅಲ್ಲಿ ಪಡೆಯುವವರು ಯಾರು ಎಂದು ಹೆಸರು ಹಿಡಿದೇ ಕೊಡಬೇಕು. ಆದರೆ ಅವರು ‘ಹತ್ತಿರದ ಸಂಬಂಧಿ’ ಆಗಿರಬೇಕು. ಕಾಯ್ದೆಯ ಪ್ರಕಾರ ಅಂದರೆ ಗಂಡ ಅಥವಾ ಹೆಂಡತಿ, ಮಗ, ಮಗಳು, ಅಪ್ಪ, ಅಮ್ಮ, ಅಣ್ಣ-ತಮ್ಮ, ಅಕ್ಕ-ತಂಗಿ. ಅಜ್ಜ, ಅಜ್ಜಿ, ಮೊಮ್ಮಕ್ಕಳು 2011ರ ತಿದ್ದುಪಡಿಯಲ್ಲಿ ಸೇರಿಕೊಂಡರು. ಪಟ್ಟಿ ಅಲ್ಲಿಗೆ ಮುಗಿಯಿತು.

ನನಗಂತೂ ಈ ಪಟ್ಟಿ ನೋಡಿದಾಗಲೆಲ್ಲ ನಮ್ಮ ಸೋದರಮಾವಂದಿರು ನೆನಪಾಗುತ್ತಾರೆ. ಮದುವೆ, ಮುಂಜಿ, ಕಿವಿ ಚುಚ್ಚುವುದು, ಯಾವುದೂ ಸೋದರಮಾವ ಇಲ್ಲದೆ ನಡೆಯುವುದಿಲ್ಲ. ಕಾಯ್ದೆಯ ಕಣ್ಣಿಗೆ ಮಾತ್ರ ಅವರು ಹತ್ತಿರದ ಸಂಬಂಧಿಯಲ್ಲ. ಚಿಕ್ಕಪ್ಪ, ದೊಡ್ಡಮ್ಮ, ಅತ್ತೆ, ಅಳಿಯ, ಸೊಸೆ, ಭಾವ, ಮೈದುನ, ನಾದಿನಿ ಯಾರೂ ಅಲ್ಲ. ತಮಾಷೆ ಏನೆಂದರೆ, ಅಕ್ಕನ ಮಗಳನ್ನು ತಮ್ಮ ಮದುವೆಯಾಗುವ ಪದ್ಧತಿ ನಮ್ಮಲ್ಲಿ ಇನ್ನೂ ಅಲ್ಲಲ್ಲಿ ಇದೆ. ಅಂಥ ಮನೆಯಲ್ಲಿ ತಾಳಿ ಕಟ್ಟುವ ಹಿಂದಿನ ದಿನದವರೆಗೆ ಆ ಮಾವ ಹೊರಗಿನವನು, ಮಾರನೇ ದಿನ ಗಂಡನಾಗಿ ಒಳಗಿನವನು!

ಪಟ್ಟಿಯಲ್ಲಿ ಇಲ್ಲದವರು ಕೊಡಲೇಬಾರದು ಅಂತಲ್ಲ. ಪ್ರೀತಿ, ಒಡನಾಟ ಅಥವಾ ಬೇರೆ ವಿಶೇಷ ಕಾರಣದಿಂದ ಕೊಡುತ್ತೇನೆ ಎಂದರೆ ಕಾಯ್ದೆ ದಾರಿ ಬಿಟ್ಟಿದೆ. ಆದರೆ ಮೊದಲೇ ಅಧಿಕಾರ ಸಮಿತಿಯ, ಅಂದರೆ ಇಂಥ ದಾನಗಳನ್ನು ಪರಿಶೀಲಿಸಿ ಅನುಮತಿ ಕೊಡುವ ಸಮಿತಿಯ ಒಪ್ಪಿಗೆ ಬೇಕು. ವರ್ಷಕ್ಕೆ 25ಕ್ಕೂ ಹೆಚ್ಚು ಕಸಿ ಮಾಡುವ ಆಸ್ಪತ್ರೆಯಲ್ಲಿ ಅಲ್ಲೇ ಸಮಿತಿ ಇರಬಹುದು, ಇಲ್ಲದಿದ್ದರೆ ಸರ್ಕಾರದ ಸಮಿತಿ. ಅವರು ಕೇಳುವ ಪ್ರಶ್ನೆಗಳು ಸ್ವಲ್ಪ ಮುಜುಗರ ತರುವಂಥವು. ನಿಮಗೂ ಅವರಿಗೂ ಏನು ನಂಟು? ಎಷ್ಟು ವರ್ಷದ್ದು? ಹಳೆಯ ಫೋಟೋ ಇದೆಯಾ? ಇಬ್ಬರದೂ ಮೂರು ವರ್ಷದ ಆದಾಯದ ದಾಖಲೆ ತನ್ನಿ. ನಡುವೆ ಯಾರಾದರೂ ಇದ್ದಾರಾ? ನಿಮ್ಮ ಮನೆಯವರಿಗೆ ಇದು ಗೊತ್ತಾ? ಮನೆಯವರನ್ನೂ ಕರೆದು ಮಾತಾಡಿಸುತ್ತಾರೆ. ಮಾತುಕತೆಯ ವಿಡಿಯೊ ಕೂಡ ಆಗುತ್ತದೆ. ಶ್ರೀಮಂತ ಯಜಮಾನನಿಗೆ ಅವನ ಡ್ರೈವರ್ ‘ಪ್ರೀತಿಯಿಂದ’ ಕಿಡ್ನಿ ಕೊಡಲು ಹೊರಟರೆ ಸಮಿತಿಗೆ ಅನುಮಾನ ಬರಬೇಕು, ಬರುತ್ತದೆ. ಮುಜುಗರವಾದರೂ ಆ ಪ್ರಶ್ನೆಗಳು ಇರಲಿ ಎಂದೇ ನನ್ನ ಅಭಿಪ್ರಾಯ.

ಆದ್ದರಿಂದ ನಿಮ್ಮ ಗೆಳೆಯನಿಗೇ ಕೊಡಬೇಕೆಂಬ ಹಟ ಇದ್ದರೆ ಕಾನೂನಿನಲ್ಲಿ ಇರುವುದು ಇದೊಂದೇ ದಾರಿ: ಬದುಕಿರುವಾಗಲೇ ಕೊಡುವುದು, ಸಮಿತಿಯ ಎದುರು ಕೂತು ಒಪ್ಪಿಸುವುದು. 61ರಲ್ಲಿ ನಿಮ್ಮ ಕಿಡ್ನಿ ತೆಗೆಯಬಹುದಾ, ಅವರಿಗೆ ಹೊಂದುತ್ತದಾ ಎಂಬುದನ್ನು ಡಾಕ್ಟರ್ ಹೇಳಬೇಕು.

ಸತ್ತ ಮೇಲೆ ಕೊಡುವ ಅಂಗಕ್ಕೆ ಈ ಸಂಬಂಧದ ಲೆಕ್ಕವೇ ಇಲ್ಲ. ಅಗತ್ಯ ಇರುವ ಯಾರಿಗಾದರೂ ಅದನ್ನು ಕಸಿ ಮಾಡಬಹುದು ಎನ್ನುತ್ತದೆ ಕಾಯ್ದೆ. ಆ ‘ಯಾರಾದರೂ’ ಯಾರು ಎಂದು ತೀರ್ಮಾನಿಸುವುದು ವೇಟಿಂಗ್ ಲಿಸ್ಟ್. ಕರ್ನಾಟಕದಲ್ಲಿ ಅದನ್ನು ನೋಡಿಕೊಳ್ಳುವುದು ‘ಜೀವಸಾರ್ಥಕತೆ’. 2007ರಲ್ಲಿ ವಲಯ ಸಮನ್ವಯ ಸಮಿತಿ ಎಂಬ ಹೆಸರಿನಲ್ಲಿ ಶುರುವಾದ ಸಂಸ್ಥೆ ಇದು. ರಕ್ತದ ಗುಂಪು, ಡಯಾಲಿಸಿಸ್ ಶುರುವಾಗಿ ಎಷ್ಟು ಕಾಲವಾಯಿತು, ಕಾಯಿಲೆ ಎಷ್ಟು ತೀವ್ರ, ಅಂಗ ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಹೃದಯವನ್ನು ತೆಗೆದು ಸುಮಾರು 4 ಗಂಟೆಯೊಳಗೆ ಜೋಡಿಸಬೇಕು. ಕಿಡ್ನಿ ಒಂದು ದಿನ ತಡೆಯುತ್ತದೆ. ಹಾಗಾಗಿ ಹೃದಯಕ್ಕೆ ದೂರ ಮುಖ್ಯ, ಕಿಡ್ನಿಗೆ ಅಷ್ಟಾಗಿ ಅಲ್ಲ.

ನಮ್ಮ ಅಂಗವೆಲ್ಲ ವಿದೇಶದವರ ಪಾಲಾಗುತ್ತದಂತೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತುತ್ತದೆ. 2014ರ ನಿಯಮದಲ್ಲಿ ಸರದಿ ಸ್ಪಷ್ಟವಾಗಿದೆ. ಮೊದಲು ರಾಜ್ಯದ ಪಟ್ಟಿ, ಆಮೇಲೆ ಪ್ರಾದೇಶಿಕ ಪಟ್ಟಿ, ಆಮೇಲೆ ದೇಶದ ಪಟ್ಟಿ, ಆಮೇಲೆ ಭಾರತೀಯ ಮೂಲದವರು, ಎಲ್ಲರ ನಂತರ ವಿದೇಶಿಯರು. ಬದುಕಿರುವವರ ದಾನದಲ್ಲಂತೂ, ಕೊಡುವವರು ಭಾರತೀಯರಾಗಿದ್ದು ಪಡೆಯುವವರು ವಿದೇಶಿಯಾಗಿದ್ದರೆ, ಇಬ್ಬರೂ ಹತ್ತಿರದ ಸಂಬಂಧಿಗಳಲ್ಲದಿದ್ದರೆ ಸಮಿತಿ ಒಪ್ಪಿಗೆ ಕೊಡುವ ಹಾಗೇ ಇಲ್ಲ.

2023ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಬದಲಾವಣೆ ತಂದಿತು. ಮೊದಲು ಕೆಲವು ರಾಜ್ಯಗಳು ‘ನೀನು ನಮ್ಮ ರಾಜ್ಯದವನಾ’ ಎಂದು ಕೇಳಿಯೇ ಹೆಸರು ಬರೆದುಕೊಳ್ಳುತ್ತಿದ್ದವು. ಆ ವಾಸದ ಷರತ್ತು ಹೋಯಿತು. 65 ದಾಟಿದವರು ಹೆಸರು ಬರೆಸುವ ಹಾಗಿಲ್ಲ ಎಂಬ ಮಿತಿಯೂ ಹೋಯಿತು. ನೋಂದಣಿಗೆ ದುಡ್ಡು ಕೇಳಬಾರದು ಎಂದೂ ಹೇಳಲಾಯಿತು. ನಿಮ್ಮ ಗೆಳೆಯ ಇಷ್ಟು ವರ್ಷದಿಂದ ಡಯಾಲಿಸಿಸ್‌ನಲ್ಲಿ ಇದ್ದಾರೆ ಎನ್ನುತ್ತೀರಿ, ಪಟ್ಟಿಯಲ್ಲಿ ಹೆಸರು ಬರೆಸಿದ್ದಾರಾ? ಮೊದಲು ಅದನ್ನು ಕೇಳಿ. ಡಯಾಲಿಸಿಸ್ ಶುರುವಾದರೆ ಹೆಸರು ತಾನಾಗಿಯೇ ಸೇರುತ್ತದೆ ಎಂದುಕೊಂಡವರು ಬಹಳ ಜನ. ಹಾಗಿಲ್ಲ. ಕಸಿ ಮಾಡುವ ಪರವಾನಗಿ ಇರುವ ಆಸ್ಪತ್ರೆಯ ಮೂಲಕ ಬರೆಸಬೇಕು.

ಇನ್ನೊಂದು ಮಾತು, ಬಹಳ ಜನರಿಗೆ ಗೊತ್ತಿಲ್ಲದ್ದು. ಮನೆಯಲ್ಲಿ ಮಲಗಿದ್ದಲ್ಲೇ ಜೀವ ಹೋದರೆ ಕಿಡ್ನಿ, ಲಿವರ್, ಹೃದಯ ಯಾವುದೂ ದಾನಕ್ಕೆ ಬರುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಅವನ್ನು ತೆಗೆಯುವುದು ಮಿದುಳು ಸತ್ತು, ಐಸಿಯುನಲ್ಲಿ ವೆಂಟಿಲೇಟರ್ ಮೇಲೆ ಹೃದಯ ಮಾತ್ರ ಬಡಿಯುತ್ತಿರುವಾಗ. ನಾಲ್ವರು ಡಾಕ್ಟರ್‌ಗಳ ತಂಡ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಬ್ರೇನ್ ಡೆಡ್ ಎಂದು ಬರೆದುಕೊಡಬೇಕು. ಕಸಿ ಮಾಡುವ ಡಾಕ್ಟರ್ ಆ ತಂಡದಲ್ಲಿ ಇರುವಂತಿಲ್ಲ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದ ನಂತರ ಬ್ರೇನ್ ಡೆಡ್ ಆದಾಗ ಅವರ ಮನೆಯವರು ಅಂಗದಾನಕ್ಕೆ ಒಪ್ಪಿದ್ದು ಇಂಥ ಸ್ಥಿತಿಯಲ್ಲೇ.

ಆದರೆ ಕಣ್ಣು ಹಾಗಲ್ಲ. ಮನೆಯಲ್ಲಿ ಸತ್ತರೂ ಸುಮಾರು 6 ಗಂಟೆಯೊಳಗೆ ತೆಗೆಯಬಹುದು. ವಯಸ್ಸಿನ ಮಿತಿ ಇಲ್ಲ. ಕನ್ನಡಕ ಹಾಕಿದವರು, ಶುಗರ್ ಇದ್ದವರು, ಪೊರೆ ಆಪರೇಷನ್ ಆದವರು ಎಲ್ಲರೂ ಕೊಡಬಹುದು. ಡಾ. ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ಕಣ್ಣು ಕೊಟ್ಟಿದ್ದು ಎಲ್ಲರಿಗೂ ನೆನಪಿದೆ. ಪುನೀತ್ ಅವರ ಎರಡು ಕಣ್ಣುಗಳ ಕಾರ್ನಿಯಾವನ್ನು (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ) ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ಕೊಟ್ಟರು. ಆ ನಾಲ್ವರನ್ನು ಮನೆಯವರು ಆರಿಸಿದ್ದಲ್ಲ. ಅಭಿಮಾನಿಗಳಲ್ಲಿ ಎಷ್ಟೋ ಜನ ತಮಗೇ ಬೇಕು ಎಂದಿರಬಹುದು, ಅದೂ ನಡೆಯುವುದಿಲ್ಲ. ಯಾರ ಅಂಗ ಯಾರಿಗೆ ಹೋಯಿತು ಎಂಬುದನ್ನು ಸಾಮಾನ್ಯವಾಗಿ ಎರಡೂ ಮನೆಗೆ ತಿಳಿಸುವುದಿಲ್ಲ. ಕೊಟ್ಟವರ ಮನೆಯವರು ಋಣದ ಹೆಸರಲ್ಲಿ ಏನೂ ಕೇಳುವಂತಾಗಬಾರದು, ಪಡೆದವರು ಭಾರ ಹೊತ್ತು ಬದುಕುವಂತಾಗಬಾರದು, ಅಲ್ವಾ?

ಈಗ ದೇಹದ ವಿಚಾರ. ಇದಕ್ಕೆ ಬೇರೆಯದೇ ಕಾನೂನು. ಕರ್ನಾಟಕದಲ್ಲಿ 1957ರ ಅನಾಟಮಿ (ದೇಹರಚನೆಯ ಪಾಠ) ಕಾಯ್ದೆ. ಅದು ಹುಟ್ಟಿದ್ದು ಯಾರೂ ಕೇಳಿಕೊಂಡು ಬಾರದ ಹೆಣಗಳನ್ನು ಮೆಡಿಕಲ್ ಓದುವ ಮಕ್ಕಳಿಗೆ ಒದಗಿಸಲು. ಇಲ್ಲಿ ಪಡೆಯುವವರು ವ್ಯಕ್ತಿಯಲ್ಲ, ಸಂಸ್ಥೆ. ಅದೂ ಸರ್ಕಾರದ ಮಾನ್ಯತೆ ಇರುವ ಸಂಸ್ಥೆ. ಖಾಸಗಿ ಲ್ಯಾಬ್‌ಗೋ ಮಠಕ್ಕೋ ಟ್ರಸ್ಟ್‌ಗೋ ದೇಹ ಕೊಡುತ್ತೇನೆ ಎಂದರೆ ಆಗದು. ಅಲೋಪತಿ ಕಾಲೇಜೇ ಆಗಬೇಕೆಂದೇನೂ ಇಲ್ಲ. ಬೆಳಗಾವಿಯ ಕೆಎಲ್ಇ ಸಂಸ್ಥೆಯ ಆಯುರ್ವೇದ ಕಾಲೇಜಿನಲ್ಲಿ 2010ರಲ್ಲಿ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದರು. ಅಪ್ಪನ ಆಸೆಯೇ ಅದಾಗಿತ್ತು. ಎರಡು ವರ್ಷ ಆ ದೇಹವನ್ನು ಕೆಡದಂತೆ ಇಟ್ಟಿದ್ದರು. ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ನನ್ನಿಂದಂತೂ ಆಗುತ್ತಿರಲಿಲ್ಲ.

ನೀವು ಆರಿಸಿದ ಕಾಲೇಜು ಬೇಡ ಎನ್ನಲೂಬಹುದು. ಪೋಸ್ಟ್‌ಮಾರ್ಟಂ ಆದ ದೇಹ, ಸೋಂಕು ರೋಗ ಇದ್ದವರ ದೇಹ, ಕೆಡಲು ಶುರುವಾದ ದೇಹ, ಅಂಗ ತೆಗೆದ ದೇಹ, ಇವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಮಕ್ಕಳಿಗೆ ಒಳಗಿರುವುದನ್ನೆಲ್ಲ ಇದ್ದ ಹಾಗೇ ತೋರಿಸಬೇಕಲ್ಲ. ಕಣ್ಣು ಮಾತ್ರ ಕೊಟ್ಟಿದ್ದರೆ ಅಡ್ಡಿಯಿಲ್ಲ.

ಎರಡು ದಾನದಲ್ಲೂ ಕೊನೆಗೆ ಎಲ್ಲ ನಿಲ್ಲುವುದು ಮನೆಯವರ ಮೇಲೆ. ಅಂಗದಾನದ ಪ್ರತಿಜ್ಞೆಗೆ ಇಬ್ಬರು ಸಾಕ್ಷಿ ಬೇಕು, ಒಬ್ಬರಾದರೂ ಹತ್ತಿರದ ಸಂಬಂಧಿಯಾಗಿರಬೇಕು. ಆದರೂ ಆ ಹೊತ್ತಿಗೆ ಮನೆಯವರು ಬೇಡ ಎಂದರೆ ಆಸ್ಪತ್ರೆ ಮುಂದುವರಿಯುವುದಿಲ್ಲ. ದೇಹದ ಮೇಲೆ ಜಗಳವಾದರೆ ಏನಾಗುತ್ತದೆ ಎಂಬುದಕ್ಕೆ ಕೇರಳದ ಉದಾಹರಣೆ ಇದೆ. ಸಿಪಿಎಂ ಹಿರಿಯ ನಾಯಕ ಎಂ.ಎಂ. ಲಾರೆನ್ಸ್ 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅಪ್ಪ ದೇಹದಾನ ಬಯಸಿದ್ದರು ಎಂದು ಮಗ ಹೇಳಿದರು. ಇಲ್ಲ, ಕ್ರೈಸ್ತ ಪದ್ಧತಿಯಂತೆ ಮಣ್ಣು ಮಾಡಬೇಕು ಎಂದು ಒಬ್ಬ ಮಗಳು ಕೋರ್ಟಿಗೆ ಹೋದರು. ಹೈಕೋರ್ಟ್ ದಾನದ ಪರ ನಿಂತಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯೆ ಬರಲು ಒಪ್ಪಲಿಲ್ಲ. ಸತ್ತ ಮೇಲೆ ತಿಂಗಳುಗಟ್ಟಲೆ ಆ ದೇಹದ ವ್ಯಾಜ್ಯ ನಡೆಯಿತು.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ವಿಲ್ ಪಕ್ಕಕ್ಕಿಟ್ಟು, ಅಂಗದಾನದ ಪ್ರತಿಜ್ಞೆ ಮತ್ತು ಕಾಲೇಜಿನ ದೇಹದಾನದ ಫಾರಂ ಎರಡನ್ನೂ ತುಂಬುತ್ತಿದ್ದೆ. ಸಾವು ಹೇಗೆ ಬರುತ್ತದೋ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಬ್ರೇನ್ ಡೆಡ್ ಆದರೆ ಅಂಗ, ಮನೆಯಲ್ಲಿ ಸಹಜವಾಗಿ ಸತ್ತರೆ ಕಣ್ಣು ಮತ್ತು ದೇಹ. ಇದನ್ನು ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು ಹೇಳುತ್ತಿದ್ದೆ. ಬೇಡ ಎನ್ನುವವರು ಯಾರು ಎಂಬುದು ಆಗಲೇ ಗೊತ್ತಾಗುತ್ತದೆ. ಅನಾಟಮಿ ವಿಭಾಗದ ನಂಬರ್ ಮತ್ತು ಹತ್ತಿರದ ನೇತ್ರ ಬ್ಯಾಂಕಿನ ನಂಬರ್ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿಡಿ. ಜೀವ ಹೋದ ಕೂಡಲೇ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆ ಕೆಳಗೆ ದಿಂಬು ಕೊಟ್ಟು, ಫ್ಯಾನ್ ಆರಿಸಬೇಕು ಎಂದೂ ಆ ಚೀಟಿಯಲ್ಲೇ ಬರೆದಿರಿ. ಅಳುವ ಗಡಿಬಿಡಿಯಲ್ಲಿ ಫ್ಯಾನ್ ಯಾರಿಗೂ ನೆನಪಾಗುವುದಿಲ್ಲ.